ಹಗೇವಿನ ಮೇಲಿನ ಕಲ್ಲು

ಜೀಪಿನ ಸದ್ದು ಕೇಳಿದಾಗ ಗಂಗುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಹಿಟ್ಟಿನ ಮೇಲೆ ಹಾಗೆಯೇ ನಿಂತಿತು. ನೆಲೋಗಿ ರಸ್ತೆಯಿಂದ ಒಳಗೆ ಸರಿದ ಆ ಹಳ್ಳಿಗೆ ಬಸ್ಸೇ ಬರುತ್ತಿರಲಿಲ್ಲ. ಟ್ರ್ಯಾಕ್ಟರಿನ ಸದ್ದು ಬೇರೆ, ಮೋಟಾರ್ ಸೈಕಲ್ಲಿನ ಸದ್ದು ಬೇರೆ. ಇದು ಜೀಪು. ಇಪ್ಪತ್ತು ವರ್ಷ ಕಳೆದಿದ್ದರೂ ಅವಳ ಕಿವಿ ಆ ಸದ್ದನ್ನು ಮರೆತಿರಲಿಲ್ಲ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಇಜೇರಿ ಹತ್ತಿರದ ಅವಳ ತವರೂರಿಗೆ ಇಂಥದೇ ಜೀಪು ಬಂದಿತ್ತು. ದನಗಳಿಗೆ ಸೂಜಿ ಹಾಕುತ್ತೇವೆ, ದನ ಹಿಡಿದುಕೊಂಡು ಬನ್ನಿ ಎಂದು ಸಾರಿದರು. ಗಂಡಸರು ದನ ಹಿಡಿದು ಹೋದರು. ಸಂಜೆಗೆ ದನಗಳಷ್ಟೇ ತಾವಾಗಿ ಮನೆಗೆ ಬಂದವು. ಗಂಡಸರನ್ನು ತುಂಬಿಕೊಂಡು ಹೋಗಿ ಮಕ್ಕಳಾಗದ ಹಾಗೆ ನಸಬಂದಿ ಆಪರೇಷನ್ನು ಮಾಡಿ ಬಿಟ್ಟಿದ್ದರು. ಗಂಗುಬಾಯಿಯ ಅಣ್ಣ ಚಂದಪ್ಪನೂ ಅವರಲ್ಲಿ ಒಬ್ಬ. ಅವನಿಗೆ ಹೆಣ್ಣು ಗೊತ್ತಾಗಿತ್ತೇ ಹೊರತು ಮದುವೆ ಆಗಿರಲಿಲ್ಲ. "ನಂದಿನ್ನೂ ಲಗ್ನ ಆಗಿಲ್ರಿ" ಎಂದು ಬಾಯಿ ಬಾಯಿ ಬಡಿದುಕೊಂಡನಂತೆ, ಕೇಳುವವರು ಯಾರು? ಗಾಯ ಕೀವಾಯಿತು, ಜ್ವರ ಏರಿತು. ಹಂದರ ಹಾಕಬೇಕಾದ ಅಂಗಳದಲ್ಲಿ ಚಟ್ಟ ಕಟ್ಟಿದರು.

ಈಗ ಗಂಗುಬಾಯಿಯ ಒಬ್ಬನೇ ಮಗ ಮಹಾದೇವಪ್ಪನಿಗೂ ಅಫಜಲಪುರದ ಕಡೆಯ ಹೆಣ್ಣು ಗೊತ್ತಾಗಿತ್ತು. ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ ಎಂದು ನಗುವವರು ನಗಲಿ. ಅಣ್ಣನ ಹೆಣ ಕಂಡವಳಿಗೆ ನಗು ಬರುವುದಿಲ್ಲ.

ಅವಳು ಅಂಗಳಕ್ಕೆ ಓಡಿಬರುವಷ್ಟರಲ್ಲಿ ಪಕ್ಕದ ಮನೆಯ ಅಂಬುಬಾಯಿ ಗೋಡೆಯ ಮೇಲಿಂದ ತಲೆ ಹಾಕಿದಳು. "ಗಂಗೂ, ಕಲಬುರ್ಗಿಯಿಂದ ಯಾರೋ ಬಂದಾರಬೇ! ದನಗಳ ಉಸಿರು ಅಳೀತಾರಂತ. ನಮ್ಮ ಮನಿ ಗಂಡಸರು ಆಗಲೇ ತೊಗರಿ ಹೊಲ ಸೇರ್ಯಾರ ನೋಡು!"

ದನ! ಮತ್ತೆ ಅದೇ ದನದ ನೆಪ. ಗಂಗುಬಾಯಿ ಎಮ್ಮೆ ಕಟ್ಟಿದ ಕಡೆ ಓಡಿದಳು. ಮಗ ಎಮ್ಮೆಗೆ ಮೇವು ಕತ್ತರಿಸುತ್ತಿದ್ದ. ಅವನ ರಟ್ಟೆ ಹಿಡಿದು ಅಂಗಳದ ನಡುವೆ ಇದ್ದ ಹಗೇವಿನ ಹತ್ತಿರ ಎಳೆದು ತಂದಳು.

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಆಳುದ್ದಕ್ಕಿಂತ ಆಳ, ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಅದರ ರೀತಿ ಆ ಸೀಮೆಯ ಕೂಸಿಗೂ ಗೊತ್ತು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆಗೆದು ಬಿಟ್ಟು, ಆಮೇಲೆ ದೀಪ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಇಳಿಯಬಾರದು. ಈ ಸಲ ಮಳೆನೀರು ಇಳಿದು ಜೋಳಕ್ಕೆ ಮುಗ್ಗು ಹಿಡಿದಿತ್ತೆಂದು ತಾಯಿ ಮಗ ಹಿಂದಿನ ದಿನವೇ ಕಲ್ಲು ಸರಿಸಿ ಅರ್ಧ ಜೋಳ ಮೇಲೆತ್ತಿದ್ದರು. ಬೆಳಿಗ್ಗೆ ದೀಪ ಇಳಿಬಿಟ್ಟಾಗ ಚೆನ್ನಾಗಿಯೇ ಉರಿದಿತ್ತು.

ಬೆಳಿಗ್ಗೆ ದೀಪ ಉರಿದಿತ್ತು ಎಂಬುದಷ್ಟೇ ಈಗ ಅವಳ ತಲೆಯಲ್ಲಿದ್ದದ್ದು. ಅದು ಉರಿದದ್ದು ಬಾಯಿ ತೆರೆದಿದ್ದಾಗ ಎಂಬುದು ಹೊಳೆಯಲಿಲ್ಲ. ಹೆದರಿಕೆ ಹೊಕ್ಕ ತಲೆಯಲ್ಲಿ ಬುದ್ಧಿಗೆ ಜಾಗ ಎಲ್ಲಿ?

"ಇಳೀಲೇ, ಜಲ್ದಿ!"

"ಯವ್ವಾ, ಮುಗ್ಗು ನಾತ ಹೊಡೀತದ. ನಾನೂ ಹೊಲಕ್ಕ ಓಡ್ತೀನಿ ಬಿಡು."

"ಹೊಲಕ್ಕ ಓಡಿದವರನ್ನೂ ಆವಾಗ ಎಳಕೊಂಡು ಬಂದಿದ್ರು. ಇಳಿ ಅಂದ್ರ ಇಳಿ! ನಾ ಕರಿಯೋತನಕ ಉಸಿರೆತ್ತಬ್ಯಾಡ."

ತಾಯಿಯ ಮುಖ ನೋಡಿ ಹುಡುಗ ಎದುರಾಡಲಿಲ್ಲ, ಇಳಿದ. ಇಬ್ಬರು ಸೇರಿ ಸರಿಸುವ ಹಾಸುಗಲ್ಲನ್ನು ಅವಳೊಬ್ಬಳೇ ಎಳೆದು ಬಾಯಿ ಮುಚ್ಚಿದಳು. ಅದೆಲ್ಲಿಂದ ಬಂತೋ ಆ ಕಸುವು! ಕಲ್ಲು ಕಾಣದಿರಲೆಂದು ಮೇಲೊಂದು ಕಂಬಳಿ ಹಾಸಿದಳು. ಅದೇ ಎಡವಟ್ಟಾಯಿತು.

ಬಂದವರು ಇಬ್ಬರು. ಒಬ್ಬ ವ್ಯಂಕಟೇಶ, ಆಳಂದದ ಕಡೆಯವನು, ಕಲಬುರ್ಗಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕನ್ನಡಕದ ಮನುಷ್ಯ. ಇನ್ನೊಬ್ಬ ಜೀಪು ನಡೆಸುವ ಹುಸೇನಪೀರ. ಅವನ ಹೆಗಲ ಮೇಲೆ ಕೊಳವೆ, ತೊಗಲಿನ ಚೀಲ ಇದ್ದ ಪೆಟ್ಟಿಗೆ. ವ್ಯಂಕಟೇಶ ಅಂಗಳದಲ್ಲಿ ಹಾಸಿದ್ದ ಕಂಬಳಿ ಕಂಡು, ತನಗೇ ಹಾಸಿದ್ದಾರೆಂದುಕೊಂಡು, "ಎಷ್ಟು ಮರ್ಯಾದಿ ಮಾಡ್ತೀರಿ ಅಕ್ಕಾರ" ಎನ್ನುತ್ತ ನೆಟ್ಟಗೆ ಹೋಗಿ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. ಹುಸೇನಪೀರನೂ ಪೆಟ್ಟಿಗೆಯನ್ನು ಅಲ್ಲೇ ಇಳಿಸಿದ.

ಗಂಗುಬಾಯಿ ಏನೆಂದು ಹೇಳಬೇಕು? ಏಳಿರಿ ಎಂದರೆ ಯಾಕೆ ಎನ್ನುತ್ತಾರೆ. ಕೂಡಿರಿ ಎನ್ನಲು ನಾಲಿಗೆ ಏಳದು.

"ಹೆದರಬ್ಯಾಡ್ರಿ. ಎಮ್ಮಿಗೆ ಏನೂ ಆಗಂಗಿಲ್ಲ" ಎಂದ ವ್ಯಂಕಟೇಶ. "ಈ ಚೀಲ ಅದರ ಬಾಯಿಗೆ ಕಟ್ಟಿ ಸ್ವಲ್ಪ ಉಸಿರು ತಗೋತೀವಿ, ಅಷ್ಟ."

"ಉಸಿರು ತಗೊಂಡು ಎಲ್ಲಿಗೆ ಒಯ್ತೀರಿ?"

"ಲೆಕ್ಕ ದಿಲ್ಲಿಗೆ ಹೋಗ್ತದ. ಅಲ್ಲಿಂದ ಪರದೇಶಕ್ಕ."

ಪಾಪ, ಅವನು ಧೈರ್ಯ ಹೇಳಲು ಹೇಳಿದ್ದು. ಆದರೆ ಉಸಿರನ್ನು ಪರದೇಶಕ್ಕೆ ಒಯ್ಯುವವರ ಎದುರು ಯಾರಿಗೆ ತಾನೆ ಧೈರ್ಯ ಬಂದೀತು? ಗಂಗುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಮ್ಮ ಒಲಿಗೆ ದಿನಕ್ಕ ಎಷ್ಟು ಕುಳ್ಳು ಬೇಕಾಗ್ತಾವ? ಮನ್ಯಾಗ ಉಣ್ಣೋರು ಎಷ್ಟು ಮಂದಿ?"

"ಇಬ್ಬರೇ ರೀ. ನಾನು, ನಮ್ಮತ್ತಿ."

"ಗಂಡಮಕ್ಕಳು?"

"ಗಂಡ ಹಾವು ಕಡದು ಸತ್ತಾನ್ರಿ. ಮಕ್ಕಳಿಲ್ಲ."

ಹೆತ್ತ ತಾಯಿ, ಜೀವಂತ ಮಗನನ್ನು ಇಲ್ಲ ಎಂದಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ಅತ್ತೆ ನಿಂಬೆವ್ವ ಬಾಯಿ ಹಾಕಿದಳು. ಮುದುಕಿಗೆ ಕಿವಿ ಮಂದ, ಬಾಯಿ ಮಾತ್ರ ಚುರುಕು. "ಗಂಗೂ, ಮಾದೇವ ಎಲ್ಲಿ ಹೋದ? ರೊಟ್ಟಿ ಆರಾಕತ್ತಾವ, ಕರಿಬೇ ಅವನ್ನ!"

"ಮಾದೇವ ಯಾರ್ರಿ?" ಎಂದ ವ್ಯಂಕಟೇಶ.

"ನಾಯಿ ರೀ! ನಮ್ಮ ನಾಯಿ. ಹಿತ್ತಲದಾಗ ಕಟ್ಟೀನಿ."

ದೇವರ ಹೆಸರನ್ನು ನಾಯಿಗೆ ಇಟ್ಟ ಮನೆ ಇಡೀ ಜೇವರ್ಗಿ ತಾಲೂಕಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ. ವ್ಯಂಕಟೇಶ ಹುಬ್ಬೇರಿಸಿದ, ಹುಸೇನಪೀರ ಮುಸಿಮುಸಿ ನಕ್ಕ. ಮುದುಕಿ ಚಾ ಮಾಡಬೇ ಎಂದು ಸೊಸೆಯನ್ನು ಗದರಿದಳು. ಚಾ ಕೊಟ್ಟರಾದರೂ ಕುಡಿದು ಎದ್ದು ಹೋದಾರು ಎಂದು ಗಂಗುಬಾಯಿ ಅಂಗಳದ ಒಲೆಯ ಮೇಲೆ ನೀರಿಟ್ಟಳು.

ನೀರು ಇನ್ನೂ ಬಿಸಿಯಾಗಿರಲಿಲ್ಲ. ಧಬ್ ಎಂದು ಸದ್ದಾಯಿತು. ಮತ್ತೊಮ್ಮೆ, ಧಬ್.

"ಏನದು?" ವ್ಯಂಕಟೇಶ ಆಚೀಚೆ ನೋಡಿದ.

ಈ ಹುಡುಗನಿಗೆ ಹೇಳಿದ್ದು ತಿಳಿಯುವುದಿಲ್ಲವೇ? ಗಂಗುಬಾಯಿಗೆ ಹೆದರಿಕೆಯ ಜೊತೆ ಸಿಟ್ಟೂ ಬಂತು. ಹಿತ್ತಲ ಕಡೆ ಮುಖ ತಿರುಗಿಸಿ ಗಂಟಲು ಹರಿಯುವಂತೆ ಕೂಗಿದಳು. "ಸುಮ್ಮ ಇರಲೇ ಮಾದೇವಾ! ಸಪ್ಪಳ ಮಾಡಿದಿ ಅಂದ್ರ ನೋಡು!"

ಸದ್ದು ನಿಂತಿತು. ಮಗ ಎಂದೂ ತಾಯಿಯ ಮಾತು ಮೀರಿದವನಲ್ಲ.

"ಭಾಳ ಶಾಣ್ಯಾ ನಾಯಿ ಅದ ಬಿಡ್ರಿ" ಎಂದ ಹುಸೇನಪೀರ.

ನಿಂಬೆವ್ವ ಕೋಲೂರಿಕೊಂಡು ಹತ್ತಿರ ಬಂದು ಕೂತಳು. "ಅಲ್ಲಪಾ, ನಮ್ಮ ಒಲಿ ಹೊಗಿ, ಎಮ್ಮಿ ಉಸಿರು ಕಟಗೊಂಡು ನಿಮಗೇನಾಗಬೇಕಾಗ್ಯಾದ?"

ವ್ಯಂಕಟೇಶನಿಗೆ ಯಾರಾದರೂ ಹೀಗೆ ಕೇಳುವುದೇ ಬೇಕಾಗಿತ್ತು. ಮೇಷ್ಟ್ರ ಜಾತಿ, ಪಾಠ ಶುರುವಿಟ್ಟ. "ಜಗತ್ತಿನ ದೇಶಗಳೆಲ್ಲ ಒಂದ ಕಡಿ ಕೂಡಿದ್ದವು ಆಯಿ. ಗಾಳಿ ಕೆಡಾಕತ್ತದ, ಬಿಸಿಲು ಏರಾಕತ್ತದ. ಹಿಂಗಾಗಿ ಒಂದೊಂದು ದೇಶ, ನಾವು ಇಷ್ಟು ಹೊಗಿ ಬಿಡ್ತೀವಿ, ಅದಕ್ಕ ಹಿಂಗಿಂಗ ಮಾಡ್ತೀವಿ ಅಂತ ಮಾತು ಕೊಡಬೇಕು. ನಮ್ಮ ದೇಶ ಮಾತು ಕೊಡಬೇಕಾದ್ರ ಮೊದಲು ಅಳೀಬೇಕಲ್ಲ? ಹೊರಗಿನವರೂ ನಮಗ ಕೈಜೋಡಿಸ್ಯಾರ. ಅದಕ್ಕ ನಾವು ಊರೂರು ತಿರಗಾಕತ್ತೇವಿ."

"ಏನಂತೀಯೋ ಏನೋ. ತಿಳಿಯಂಗ ಹೇಳಪಾ."

ವ್ಯಂಕಟೇಶ ಸುತ್ತಲೂ ನೋಡಿದ, ತಾನು ಕೂತ ಕಂಬಳಿಯ ಅಂಚು ಸರಿಸಿದ, ಬೆರಳಿನಿಂದ ಕಲ್ಲು ತಟ್ಟಿದ. ಅವನ ಮುಖ ಅರಳಿತು. "ಹಗೇವು ಅಲ್ಲೇನ್ರಿ ಇದು! ನಮ್ಮಜ್ಜನ ಮನ್ಯಾಗೂ ಇತ್ತು. ಹಗೇವಿನಾಗ ದೀಪ ಆರಸೋ ಗಾಳಿ ಇರ್ತದಲ್ಲ ಆಯಿ, ಅದೇ ಗಾಳಿ ಒಲ್ಯಾಗಿಂದ, ಮೋಟಾರದಾಗಿಂದ, ಫ್ಯಾಕ್ಟರಿಯಿಂದ ಮ್ಯಾಲ ಹೊಂಟದ. ಭೂಮಿ ಅಂದ್ರ ಒಂದು ದೊಡ್ಡ ಹಗೇವು ಅಂತ ತಿಳಕೊರಿ. ಒಳಗ ನಾವೆಲ್ಲ ಕೂತೀವಿ, ಮ್ಯಾಲ ಕಲ್ಲು ಮುಚ್ಚಾಕತ್ತೇವಿ."

"ಅಯ್ಯ ಶಿವನೇ!"

"ಅದರಾಗೂ ಮುಗ್ಗಿದ ಜೋಳ ಇದ್ರಂತೂ ಕೇಳಬ್ಯಾಡ್ರಿ. ನಮ್ಮಜ್ಜನ ಮನಿ ಆಳೊಬ್ಬ ಹಂಗೇ ಇಳಿದಿದ್ದ. ಗಟ್ಟಿಮುಟ್ಟು ಮನುಷ್ಯಾ. ಒಂದೆರಡು ಸಲ ಗ್ವಾಡಿ ಬಡದ ಅಷ್ಟ, ಆಮ್ಯಾಲ ಸಪ್ಪಳಿಲ್ಲ. ಚಾ ಕುದಿಯೋದ್ರಾಗ ಜೀವ ಹೋಗಿತ್ತು."

ಒಲೆಯ ಮೇಲೆ ಚಾ ಕೊತಕೊತ ಕುದಿಯುತ್ತಿತ್ತು.

ಗಂಗುಬಾಯಿ ಕುದಿಯುವ ಚಾ ನೋಡಿದಳು, ಕಲ್ಲು ನೋಡಿದಳು. ಅಲ್ಲಿಂದ ಸದ್ದಿರಲಿಲ್ಲ. ಎರಡು ಸಲ ಧಬ್ ಎಂದದ್ದು ಹುಡುಗನ ಹಟವಲ್ಲ, ಉಸಿರಿಗಾಗಿ ಬಡಿದದ್ದು. ತಾನೇ ಅವನ ಬಾಯಿ ಮುಚ್ಚಿಸಿದ್ದಳು. ಹೇಳಿದರೆ ಜೀಪು ಅವನನ್ನು ಒಯ್ಯುತ್ತದೆ, ಅಣ್ಣನನ್ನು ಒಯ್ದ ಹಾಗೆ. ಹೇಳದಿದ್ದರೆ? ಒಂದು ಕ್ಷಣ, ದೇವರೇ, ಆ ಒಂದು ಕ್ಷಣವೂ ಅವಳು ತಡೆದಳಲ್ಲ ಎಂಬುದೇ ಆಮೇಲೆ ಅವಳನ್ನು ವರ್ಷಗಟ್ಟಲೆ ನಿದ್ದೆಯಿಂದ ಎಬ್ಬಿಸುತ್ತಿತ್ತು. ಕೈಯಲ್ಲಿದ್ದ ಇಕ್ಕಳ ಬಿತ್ತು.

"ಏಳ್ರಿ! ಏಳ್ರಿ ಮ್ಯಾಲ! ನನ್ನ ಮಗ ಅದಾನ್ರಿ ಒಳಗ!"

ವ್ಯಂಕಟೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹಾವು ತುಳಿದವನಂತೆ ಜಿಗಿದೆದ್ದ. ಮೂವರೂ ಸೇರಿ ಕಲ್ಲು ಸರಿಸಿದರು. ಒಳಗಿನಿಂದ ಮುಗ್ಗು ನಾತ ಮುಖಕ್ಕೆ ಹೊಡೆಯಿತು. ಕೆಳಗೆ ಕತ್ತಲಲ್ಲಿ ಬಿಳಿ ಅಂಗಿಯೊಂದು ಮುದ್ದೆಯಾಗಿ ಬಿದ್ದಿತ್ತು. "ಮಾದೇವಾ!" ಎಂದು ಕೂಗಿದರೆ ಅದು ಮಿಸುಕಲಿಲ್ಲ.

ಗಂಗುಬಾಯಿ ಕಾಲು ಇಳಿಬಿಟ್ಟೇಬಿಟ್ಟಳು. ವ್ಯಂಕಟೇಶ ಅವಳ ಎರಡೂ ತೋಳು ಹಿಡಿದು ಹಿಂದಕ್ಕೆ ಎಳೆದ. "ಹುಚ್ಚಿ ಅದಿ ಏನಕ್ಕಾ? ನೀನೂ ಇಳಿದ್ರ ಎರಡು ಹೆಣ ಎತ್ತಬೇಕಾಗ್ತದ!" ಅವಳು ಅವನ ಕೈ ಕಚ್ಚಿದಳು. ಅವನು ಬಿಡಲಿಲ್ಲ.

ಹುಸೇನಪೀರ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಹಗೇವಿನ ಕೊರಳಿನ ಹತ್ತಿರವೇ ಅದು ಪಕ್ಕನೆ ಆರಿತು. ಅದನ್ನು ಕಂಡು ನಿಂಬೆವ್ವ ಎದೆ ಬಡಿದುಕೊಳ್ಳತೊಡಗಿದಳು. ಬರ್ರಪ್ಪೋ ಎಂದು ಅಂಬುಬಾಯಿ ಓಣಿಯಲ್ಲಿ ಕೂಗಿದಳು. ಒಬ್ಬ ಗಂಡಸೂ ಬರಲಿಲ್ಲ. ಊರ ಗಂಡಸರೆಲ್ಲ ತೊಗರಿ ಹೊಲದಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದರು. ಬಂದವರೆಲ್ಲ ಹೆಂಗಸರು.

ಕಂಬಳಿಯ ಮೂಲೆಗಳಿಗೆ ಹಗ್ಗ ಬಿಗಿದು ಹಗೇವಿನೊಳಗೆ ಇಳಿಸಿ, ಮೇಲೆ ಸೆಳೆದರು. ಇಳಿಸಿದರು, ಸೆಳೆದರು. ಕೆಟ್ಟ ಗಾಳಿ ಹೊರಗೆ ಬರಲಿ, ಒಳ್ಳೆಯದು ಒಳಗೆ ಹೋಗಲಿ ಎಂದು ಹಿರಿಯರು ಮಾಡುತ್ತಿದ್ದ ರೀತಿ ಅದು. ಗಂಗುಬಾಯಿ ಎಳೆಯುತ್ತ ಎಳೆಯುತ್ತ "ನನ್ನ ಒಯ್ಯೋ ಶರಣಬಸಪ್ಪಾ, ಅವನ್ನ ಬಿಡು, ನನ್ನ ಒಯ್ಯಿ" ಎಂದು ಕಲಬುರ್ಗಿಯ ದೇವರಿಗೆ ಒಂದೇ ಸಮನೆ ಒದರುತ್ತಿದ್ದಳು. ಅಂಗೈ ಸುಲಿದದ್ದು ಅವಳಿಗೆ ತಿಳಿಯಲಿಲ್ಲ. ಮತ್ತೆ ಕಂದೀಲು ಇಳಿಸಿದರು. ಈ ಸಲ ಉರಿ ಸಣ್ಣಗಾಯಿತು, ಕೆಂಪಾಯಿತು, ಆದರೆ ಆರಲಿಲ್ಲ.

ಹುಸೇನಪೀರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, "ಯಾ ಬಂದೇನವಾಜ್" ಎಂದು ಕಲಬುರ್ಗಿ ದರ್ಗಾದ ಪೀರನನ್ನು ನೆನೆದು, ಉಸಿರು ತುಂಬಿಕೊಂಡು ಇಳಿದೇಬಿಟ್ಟ. ಹಗ್ಗ ಜಗ್ಗಿದಾಗ ಹೆಂಗಸರೆಲ್ಲ ಸೇರಿ ಎಳೆದರು. ಮೊದಲು ಮಹಾದೇವಪ್ಪನ ಜೋತುಬಿದ್ದ ತಲೆ ಕಂಡಿತು, ಆಮೇಲೆ ಅವನನ್ನು ತಬ್ಬಿ ಹಿಡಿದ ಹುಸೇನಪೀರನ ಕೈ.

ಹುಡುಗನ ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ವ್ಯಂಕಟೇಶ ಅವನನ್ನು ಅಂಗಾತ ಮಲಗಿಸಿ, ಬಾಯಿಗೆ ಬಾಯಿ ಹಚ್ಚಿ ಊದತೊಡಗಿದ. ಮಡಿ ಮನೆತನದ ಮನುಷ್ಯ, ಯಾರ ಮನೆಯ ನೀರೂ ಕುಡಿಯಬಾರದೆಂದು ತಾಯಿ ಹೇಳಿ ಕಳಿಸಿದ್ದಳು. ಅದೆಲ್ಲ ಅವನ ನೆನಪಿನಲ್ಲಿ ಇರಲಿಲ್ಲ. ಊದಿದ, ಎದೆ ಒತ್ತಿದ, ಮತ್ತೆ ಊದಿದ. ಗಂಗುಬಾಯಿ ಅಳಲೂ ಮರೆತು ಮಗನ ಹೊಟ್ಟೆಯನ್ನೇ ನೋಡುತ್ತ ಕೂತಳು. ಅದು ಏಳುತ್ತದೆ, ಬೀಳುತ್ತದೆ, ಆದರೆ ಅದು ವ್ಯಂಕಟೇಶನ ಉಸಿರು, ಮಗನದಲ್ಲ.

ಆಮೇಲೆ ಹುಡುಗ ಒಮ್ಮೆ ಕೆಮ್ಮಿದ. ಮಗ್ಗುಲಾಗಿ ವಾಂತಿ ಮಾಡಿಕೊಂಡ. ಕಣ್ಣು ತೆರೆದು, ತಾಯಿಯನ್ನು ಹುಡುಕಿ, ಕೀರಲು ದನಿಯಲ್ಲಿ ಹೇಳಿದ: "ಯವ್ವಾ, ನೀ ಸುಮ್ಮ ಇರು ಅಂದಿ. ಅದಕ್ಕ ನಾ ಮತ್ತ ಬಡಿಲಿಲ್ಲ."

ಗಂಗುಬಾಯಿ ಅವನನ್ನು ಮಡಿಲಿಗೆ ಎಳೆದುಕೊಂಡು ಓಣಿ ಹಾರಿಹೋಗುವಂತೆ ಅತ್ತಳು.

ಜೇವರ್ಗಿಯ ಡಾಕ್ಟರಿಗೆ ತೋರಿಸಲೇಬೇಕು ಎಂದ ವ್ಯಂಕಟೇಶ. ಜೀಪು ಅಂಗಳದ ಬಾಗಿಲಿಗೇ ಬಂದು ನಿಂತಿತು. ಆ ಸದ್ದಿಗೆ ಗಂಗುಬಾಯಿಯ ಎದೆ ಈಗಲೂ ಹೊಡೆದುಕೊಂಡಿತು. ಇಪ್ಪತ್ತು ವರ್ಷದ ಹೆದರಿಕೆ ಒಂದು ದಿನದಲ್ಲಿ ಹೋಗುವುದಿಲ್ಲ. ಆದರೂ ಮಗನನ್ನು ತಾನೇ ಹಿಡಿದುಕೊಂಡು ಜೀಪು ಹತ್ತಿಸಿದಳು, ತಾನೂ ಹತ್ತಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಮ್ಮೆಯ ಉಸಿರನ್ನು ಅಳೆಯುವ ಮಾತು ಅಂದು ಯಾರೂ ಎತ್ತಲಿಲ್ಲ. ವ್ಯಂಕಟೇಶ ಮುಂದೆ ಕೂತಿದ್ದ. ಅವನ ಒಂದು ಕೈಯ ಮೇಲೆ ಅವಳ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು.

ಊರು ದಾಟಿ, ತೊಗರಿ ಹೊಲಗಳ ನಡುವೆ ಜೀಪು ಹೊರಳಿದಾಗ ಅವಳು ಹಿಂದಿನಿಂದ ಅವನ ಭುಜ ಮುಟ್ಟಿದಳು.

"ಸಾಹೇಬ್ರ, ನಾ ಆವಾಗ ಸುಳ್ಳು ಹೇಳಿದ್ದೆ. ನಮ್ಮ ಮನ್ಯಾಗ ಉಣ್ಣೋರು ಮೂರು ಮಂದಿ ಅದೀವ್ರಿ. ಮೂರು ಅಂತ ಬರಕೊರಿ."