ಗೋಡೆಯ ಮೇಲಿನ ಶೆಮ್‌ತೋವ್

ವಠಾರದ ಬಾಗಿಲು ದಾಟುತ್ತಿದ್ದಂತೆ ಮೆರ್ಕಾದೊ ಎರ್ಗಾಸ್‌ನ ಹಣೆಗೆ ಒಂದು ಸಕ್ಕರೆ ಬಾದಾಮಿ ಬಂದು ಬಡಿಯಿತು. ಅಂಗಳದಲ್ಲಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಚಾಪೆಯ ಮೇಲೆ ಬಿಳಿಯ ನಾರುಬಟ್ಟೆ ಹರಡಿಕೊಂಡು ಅವರೆಲ್ಲ ಸುತ್ತ ಕೂತಿದ್ದರು. ಅದು ಬುಲಿಸಾಳ ಹೆಣದ ಬಟ್ಟೆ ಕತ್ತರಿಸುವ ದಿನ. ಬುಲಿಸಾ ಸತ್ತಿರಲಿಲ್ಲ, ಎಲ್ಲರಿಗಿಂತ ಎತ್ತರದ ಮೆತ್ತೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಬದುಕಿರುವಾಗಲೇ ಈ ಬಟ್ಟೆ ಹೊಲಿಸಿಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಮೊನಾಸ್ತಿರ್‌ನ ನಮ್ಮ ಯೆಹೂದಿ ಮುದುಕಿಯರು ನಂಬಿದ್ದರು. ಕತ್ತರಿ ಇಡುವಾಗ ಹಾಡು, ಸಿಹಿ, ಚೇಷ್ಟೆ ಎಲ್ಲ ಇರಬೇಕು. ಅಳುವವರಿಗೆ ಅಲ್ಲಿ ಪ್ರವೇಶವಿಲ್ಲ.

"ನೋಡ್ರೇ, ನನ್ನ ಮಗ ಬಂದ," ಅಂದಳು ಬುಲಿಸಾ. "ಅಂಗಡಿಯಿಂದ ಬಟ್ಟೆ ಕಳಿಸಿ ಸುಮ್ನಾಗ್ತಾನೆ ಅಂದ್ಕೊಂಡಿದ್ದೆ."

"ಬಟ್ಟೆ ಜಾಸ್ತೀನೇ ಕಳಿಸಿದಾನೆ," ಅಂದಳು ಕತ್ತರಿ ಹಿಡಿದಿದ್ದ ಪಕ್ಕದ ಮನೆಯ ವಿದಾ. "ಇದರಲ್ಲಿ ಇಬ್ರು ಬುಲಿಸಾಂದಿರನ್ನ ಸುತ್ತಬಹುದು. ಇವಳಿಗೆ ಮೈ ಅನ್ನೋದು ಎಲ್ಲಿದೆ?"

"ಉಳಿದಿದ್ದು ನೀನೇ ಇಟ್ಕೊಳೇ. ನನಗಿಂತ ಮುಂಚೆ ನಿನಗೇ ಬೇಕಾಗತ್ತೆ."

ಮೆರ್ಕಾದೊ ನಕ್ಕ, ಆದರೆ ಆ ನಗು ತುಟಿಯಿಂದ ಒಳಗೆ ಇಳಿಯಲಿಲ್ಲ. ಅವನು ಬಂದ ಕೆಲಸವೇ ಬೇರೆ. ಅದನ್ನು ಹೇಗೆ ಬಾಯಿಬಿಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದರೂ ಒಂದು ಮಾತೂ ಹೊಳೆದಿರಲಿಲ್ಲ.

ಎರ್ಗಾಸ್ ಮನೆತನವೆಂದರೆ ದ್ರಾಗೋರ್ ಹೊಳೆಯ ದಡದ ದೊಡ್ಡ ಮನೆ. ಅಲ್ಲಿನ ಹಜಾರದ ಗೋಡೆಯ ಮೇಲೆ ವಂಶದ ಮರ ಬರೆಸಿತ್ತು. ಬುಡದಲ್ಲಿ ಅರಗಾನ್ ದೇಶದಿಂದ ಓಡಿಬಂದ ಮೊದಲ ಮೆನಾಹೆಮ್. ಅವನ ಮಗ ಶೆಮ್‌ತೋವ್, ಶೆಮ್‌ತೋವನ ಮಗ ಮೆನಾಹೆಮ್, ಮತ್ತೆ ಶೆಮ್‌ತೋವ್. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅದೂ ಅಜ್ಜ ಎದುರಿಗೆ ಕೂತು ಕೇಳಿಸಿಕೊಳ್ಳುವಂತೆ. ಪಾಷಾಗಳು, ರಾಯಭಾರಿಗಳು ಆ ಮರದ ಕೆಳಗೆ ಕಾಫಿ ಕುಡಿದು, ತಲೆಯೆತ್ತಿ ನೋಡಿ, ಭೇಷ್ ಅಂದು ಹೋಗುತ್ತಿದ್ದರು. ಮೆರ್ಕಾದೊನ ಪಾಲಿನ ಎಲೆಯಲ್ಲಿ ಚಿನ್ನದ ಬಣ್ಣದಲ್ಲಿ 'ಶೆಮ್‌ತೋವ್' ಎಂದಿತ್ತು. ಪೇಟೆಯಲ್ಲಿ ಒಬ್ಬ ನರಪಿಳ್ಳೆಯೂ ಅವನನ್ನು ಹಾಗೆ ಕರೆದದ್ದಿಲ್ಲ.

ಮೊಲೆ ಕುಡಿಯುವ ಕೂಸಾಗಿದ್ದಾಗ ಅವನಿಗೆ ಜ್ವರ ಬಂದಿತ್ತು. ಸಾವಿನ ದೂತನ ಕಣ್ಣಿಗೆ ಬಿದ್ದ ಮಗುವನ್ನು ಇನ್ನೊಬ್ಬರಿಗೆ ಮಾರಿಬಿಡುವುದು ಪದ್ಧತಿ. ಕೊಂಡವರು ಮೆರ್ಕಾದೊ, ಅಂದರೆ 'ಕೊಂಡ ಕೂಸು', ಎಂದು ಹೊಸ ಹೆಸರಿಡುತ್ತಾರೆ. ದೂತ ಹಳೆಯ ಹೆಸರು ಹುಡುಕಿಕೊಂಡು ಬಂದು, ಅಂಥವರು ಯಾರೂ ಇಲ್ಲವೆಂದು ಹಿಂದಿರುಗುತ್ತಾನೆ. ಅವನ ತಾಯಿ ಅವನನ್ನು ಮಾರಿದ್ದು ಹಮಾಲನ ಹೆಂಡತಿ ಬುಲಿಸಾಳಿಗೆ. ಮದುವೆಗೆ ಮುಂಚೆ ಹೆತ್ತವರು ಮರಳಿ ಕೊಂಡುಕೊಳ್ಳಬೇಕು. ಅಷ್ಟು ಹೊತ್ತಿಗೆ ತಾಯಿ ತೀರಿಕೊಂಡಿದ್ದಳು; ಅದೆಲ್ಲ ಹೆಂಗಸರ ವ್ಯವಹಾರವೆಂದು ತಂದೆ ತಲೆಕೆಡಿಸಿಕೊಳ್ಳಲಿಲ್ಲ. ಹೀಗೆ ಮೊನಾಸ್ತಿರ್‌ನ ದೊಡ್ಡ ಬಟ್ಟೆ ವ್ಯಾಪಾರಿ ಗಡ್ಡ ಬೆಳ್ಳಗಾದರೂ ಹಮಾಲನ ಮನೆಯ ಸೊತ್ತಾಗಿಯೇ ಉಳಿದ.

ಇದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಅವನ ಮಗ ಮೆನಾಹೆಮನಿಗೆ ಗಂಡು ಮಗು ಹುಟ್ಟುವವರೆಗೆ. ನಾಳೆ ಸುನ್ನತಿ. ನಾಳೆಯೇ ಹೆಸರು.

"ಗೋಡೆ ಮೇಲೆ 'ಕೊಂಡ ಕೂಸು' ಅಂತ ಬರೆಸ್ಬೇಕೇನೋ?" ಎಂದು ಬೆಳಿಗ್ಗೆ ಅಕ್ಕ ಗ್ರಾಸಿಯಾ ಕೇಳಿದ್ದಳು. ಮಕ್ಕಳಿಲ್ಲದೆ ವಿಧವೆಯಾಗಿ ತವರಿಗೆ ಬಂದವಳಿಗೆ ಆ ಗೋಡೆಯೇ ಸಂಸಾರ. "ಕತ್ತೇನೂ ಕೊಂಡ್ಕೋತಾರೆ, ಕುಂಬಳಕಾಯೀನೂ ಕೊಂಡ್ಕೋತಾರೆ. ರಬ್ಬಿ ಹೇಳಿದ್ದು ಕೇಳಿಸ್ಕೊಂಡೆ ತಾನೆ? ಬಿಡಿಸ್ಕೊಳ್ಳೋವರೆಗೂ ನಿನಗೆ ಅದೊಂದೇ ಹೆಸರು. ಹೋಗು ತಮ್ಮ, ಇವತ್ತೇ ಬಿಡಿಸ್ಕೊಂಡು ಬಾ."

"ಅವ್ವ, ಸ್ವಲ್ಪ ಒಳಗೆ ಬಾ. ಮಾತಾಡ್ಬೇಕು," ಅಂದ ಮೆರ್ಕಾದೊ. ಹೆತ್ತವಳನ್ನು ಅಮ್ಮ ಎಂದೂ ಇವಳನ್ನು ಅವ್ವ ಎಂದೂ ಕರೆದು ಅಭ್ಯಾಸ.

"ಇಲ್ಲೇ ಆಡು. ನನ್ನ ಹೆಣದ ಬಟ್ಟೆ ನೋಡಿದೋರ ಮುಂದೆ ಇನ್ನೆಂಥ ಮುಚ್ಚುಮರೆ?"

"ನನ್ನನ್ನ ವಾಪಸ್ ಮಾರ್ಬೇಕು ನೀನು."

ವಿದಾಳ ಕತ್ತರಿ ನಿಂತಿತು.

"ಈ ವಯಸ್ಸಲ್ಲಿ ನಿನ್ನನ್ನ ಯಾರು ಕೊಂಡ್ಕೋತಾರೋ," ಅಂದಳು ಬುಲಿಸಾ. "ಹಲ್ಲು ಬೇರೆ ಅಲ್ಲಾಡ್ತಿದೆ."

"ಅಕ್ಕ ಕೊಂಡ್ಕೋತಾಳೆ. ಮಗೂಗೆ ಶೆಮ್‌ತೋವ್ ಅಂತ ಇಡ್ಬೇಕಂದ್ರೆ ಮೊದಲು ನಾನು ಶೆಮ್‌ತೋವ್ ಆಗ್ಬೇಕಂತೆ. ಶಾಸ್ತ್ರ ಅಷ್ಟೇ ಅವ್ವ. ನಾನೇನು ನಿನ್ನ ಮನೆಗೆ ಬರೋದು ಬಿಡ್ತೀನಾ?"

ಬುಲಿಸಾ ಬಟ್ಟಲನ್ನು ಕೆಳಗಿಟ್ಟಳು. "ಮಾರಲ್ಲ," ಅಂದಳು. "ಕೊಂಡಿದ್ದೂ ಶಾಸ್ತ್ರಾನೇ. ಆ ಶಾಸ್ತ್ರದಿಂದ್ಲೇ ನೀನು ಬದುಕಿದ್ದು, ನಾನು ತಾಯಿ ಅನ್ನಿಸ್ಕೊಂಡಿದ್ದು. ನಂಗೆ ಬೇರೆ ಯಾರಿದಾರೆ? ಸತ್ತ ಮೇಲೆ ಮಗ ಹೇಳೋ ಪ್ರಾರ್ಥನೆ ಅಂತ ಒಂದಿದೆಯಲ್ಲ, ಮಾರಿದ ಮೇಲೆ ನೀನು ಅದನ್ನ ಹೇಳಿದ್ರೆ ದಾನ ಆಗತ್ತೆ. ನಂಗೆ ದಾನ ಬೇಡ."

ಮೆರ್ಕಾದೊ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಇನ್ನೊಂದು ಮಾತು," ಅಂದಳು ಅವಳು. "ಆ ಗೋಡೆ ಮೇಲಿರೋ ಶೆಮ್‌ತೋವ್ ನೀನಲ್ಲ ಕಣೋ. ನಿನಗಿಂತ ಮುಂಚೆ ಇಬ್ರಿದ್ರು. ಮೊದಲನೇ ಕೂಸಿಗೆ ನಿಮ್ಮ ತಾತ ತನ್ನ ಹೆಸರಿಟ್ಟ, ಎಲೆ ಬರೆಸ್ದ. ಅದು ಹೋಯ್ತು. ಎರಡನೇದಕ್ಕೆ ಆ ಹೆಸರು ಬೇಡ ಮಾವ ಅಂತ ನಿಮ್ಮಮ್ಮ ಕಾಲು ಹಿಡಿದಳು. ಚಿನ್ನದ ಬಣ್ಣ, ಅಳಿಸೋಕಾಗಲ್ಲ ಅಂದ. ಅದೂ ಹೋಯ್ತು. ಆಮೇಲೆ ನೀನು, ಮತ್ತೆ ಅದೇ ಹೆಸರು. ಜ್ವರ ಬಂದಾಗ ಅವಳು ನಿನ್ನನ್ನ ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು, ಬಾಗಿಲಲ್ಲಿ ಕೊಟ್ರೆ ಸಾವು ನೋಡ್ಬಿಡತ್ತೆ ಅಂತ. ಆ ಹೆಸರಿನ ಹತ್ರ ಇವನನ್ನ ಮತ್ತೆ ಕಳಿಸ್ಬೇಡ ಬುಲಿಸಾ, ಅಂದಳು. ನಾನು ಕಳಿಸಲ್ಲ."

ಹಿಂದೆ ಕೂಸುಗಳು ಸತ್ತಿದ್ದವೆಂದು ಅವನಿಗೆ ಗೊತ್ತಿತ್ತು. ಕೂಸು ಸಾಯದ ಮನೆ ಆಗ ಎಲ್ಲಿತ್ತು? ಆದರೆ ಅವುಗಳಿಗೆ ತನ್ನದೇ ಹೆಸರಿತ್ತೆಂದು ಯಾರೂ ಹೇಳಿರಲಿಲ್ಲ. ಅವನು ಬಗ್ಗಿ ಮುದುಕಿಯ ಕೈಗೆ ಮುತ್ತಿಟ್ಟು ಹೊರಟ. ಬಾಗಿಲು ದಾಟುವಾಗ ಹಿಂದಿನಿಂದ ಅವಳ ದನಿ ಕೇಳಿತು: "ಉಳಿದ ಬಟ್ಟೆ ಇಲ್ಲಿ ಕೊಡೇ ವಿದಾ. ನಿನಗಿಲ್ಲ."

ಗ್ರಾಸಿಯಾ ಹಜಾರದಲ್ಲಿ ದೀಪಗಳನ್ನು ಒರೆಸುತ್ತಿದ್ದಳು.

"ಈ ಎಲೆ ಯಾವಾಗ ಬರೆಸಿದ್ದು ಅಕ್ಕ?"

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ಹೇಳಿದಳಾ? ಇಬ್ರನ್ನೂ ನಾನೇ ಎತ್ತಿ ಆಡಿಸಿದ್ದೆ. ಎರಡನೇದು ನನ್ನ ಜಡೆ ಹಿಡಿದ್ರೆ ಬಿಡ್ತಿರ್ಲಿಲ್ಲ. ಅದಕ್ಕೇ ಕಣೋ ನಾನು ಹಟ ಮಾಡ್ತಿರೋದು. ಆ ಹೆಸರಲ್ಲಿ ಒಬ್ಬನಾದ್ರೂ ಬದುಕಿ ತೋರಿಸ್ಲಿ."

ಮೆರ್ಕಾದೊನ ಕಣ್ಣು ತುಂಬಿತು. ಅಕ್ಕನದು ಬರೀ ಜಂಬವೆಂದು ಅವನು ಇಷ್ಟು ವರ್ಷ ತಿಳಿದಿದ್ದ.

ಮರುದಿನ ಹಜಾರ ಕಿಕ್ಕಿರಿದಿತ್ತು. ಬುಲಿಸಾ ವಿದಾಳ ತೋಳು ಹಿಡಿದು ಬಂದು, ಬಾಗಿಲ ಬಳಿ ಹೆಂಗಸರ ನಡುವೆ ಕೂತಳು. ಸುನ್ನತಿಯ ಹೊತ್ತಿನಲ್ಲಿ ಮಗುವನ್ನು ತೊಡೆಯ ಮೇಲೆ ಹಿಡಿಯುವ ಗೌರವ ಅಜ್ಜನದು. ಗ್ರಾಸಿಯಾ ತಂದು ಒಪ್ಪಿಸಿದಳು. ಹಿಡಿದೊಡನೆ ಮೆರ್ಕಾದೊನ ಬೆರಳಿಗೆ ಅಂಗಿಯ ಬಟ್ಟೆ ತಗುಲಿತು. ಬಟ್ಟೆ ವ್ಯಾಪಾರಿಯ ಬೆರಳು, ನೋಡಬೇಕಾಗಿರಲಿಲ್ಲ. ತಾನೇ ಅಂಗಡಿಯಿಂದ ಕಳಿಸಿದ ನಾರುಬಟ್ಟೆ ಅದು. ಅವಸರದಲ್ಲಿ ಹೊಲಿದದ್ದು, ಒಂದು ತೋಳಿಗೆ ಅಂಚು ಮಡಿಸಿರಲಿಲ್ಲ. ವಯಸ್ಸಾದ ಮುದುಕಿಯ ಹೆಣದ ಬಟ್ಟೆಯಲ್ಲಿ ಉಳಿದದ್ದರಿಂದ ಹೊಲಿದ ಅಂಗಿ ತೊಟ್ಟ ಕೂಸು ಅವಳಷ್ಟೇ ಕಾಲ ಬಾಳುತ್ತದಂತೆ. ಅದನ್ನು ತೊಡಿಸಿದವಳು ಗ್ರಾಸಿಯಾಳೇ.

ಮಗು ಕಿರುಚಿತು, ದ್ರಾಕ್ಷಾರಸದಲ್ಲಿ ಅದ್ದಿದ ಬೆರಳು ಚೀಪಿ ಸುಮ್ಮನಾಯಿತು. ರಬ್ಬಿ ಹೆಸರು ಕೇಳಿದರು. ಮೆನಾಹೆಮ್ ಅಪ್ಪನ ಮುಖ ನೋಡಿದ. ಮೆರ್ಕಾದೊ ಅಕ್ಕನ ಮುಖ ನೋಡಿದ. ಅವಳು ಗೋಡೆಯ ಕಡೆ ತಿರುಗಿದ್ದಳು.

"ಮೆರ್ಕಾದೊ," ಅಂದ ಅಜ್ಜ.

ಜನ ಗುಜುಗುಜು ಅಂದರು. ರಬ್ಬಿ ಹುಬ್ಬೇರಿಸಿ, "ಮೆನಾಹೆಮನ ಮಗ ಮೆರ್ಕಾದೊ" ಎಂದು ಮೂರು ಸಲ ಕೂಗಿದರು. ಬಾಗಿಲ ಬಳಿ ಬುಲಿಸಾ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು.

"ಹೆಸರೇನೋ ಆಯ್ತು," ಅಂದ ನೆಂಟರಲ್ಲಿ ಒಬ್ಬ, ಹಿಂದಿನ ಸಾಲಿನಿಂದ. "ಇವನನ್ನ ಕೊಂಡೋರು ಯಾರಪ್ಪ?"

ಕೆಲವರು ನಕ್ಕರು. ಗ್ರಾಸಿಯಾ ಗೋಡೆಯಿಂದ ಈಚೆ ತಿರುಗಿದಳು.

"ನಾನು," ಅಂದಳು.

ಬಂದು ತಮ್ಮನ ತೊಡೆಯಿಂದ ಮಗುವನ್ನು ಎತ್ತಿಕೊಂಡಳು. ಬೆಳಕಿಗಾಗಿ ಕಿಟಕಿಯ ಬಳಿ ಹೋಗಿ ನಿಂತು, ಅಂಗಿಯ ತೋಳಿನಿಂದ ಜೋತುಬಿದ್ದಿದ್ದ ದಾರವನ್ನು ಹಲ್ಲಿನಿಂದ ಕಡಿದಳು.