ಪಾರ್ವತಿನಗರದ ಸಮುದ್ರ

ಬಳ್ಳಾರಿಗೆ ಸಮುದ್ರ ತಂದವನು ಅಂಜಿನಿ. ಇದನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ಒಪ್ಪುವವರು ಯಾರೂ ಸಿಗುವುದಿಲ್ಲ. ಪಾರ್ವತಿನಗರದಲ್ಲಿ ಪ್ರಭುಲಿಂಗನ ಮನೆಯ ಎ.ಸಿ. ಹಾಲ್‌ನಲ್ಲಿ, ಸೋಫಾದ ಎದುರಿಗೆ, ಆರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಆ ಸಮುದ್ರ ಇತ್ತು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು ಗುಡ್ಡದ ಬಂಡೆಗಳನ್ನು ಕಾಯಿಸುತ್ತಿದ್ದರೆ, ಒಳಗೆ ಹವಳಗಳು ಇಪ್ಪತ್ತೈದು ಡಿಗ್ರಿ ತಂಪಿನಲ್ಲಿ ಮೈಬಿಚ್ಚಿ ಕೂತಿರುತ್ತಿದ್ದವು. ಬಳ್ಳಾರಿಯಲ್ಲಿ ಮನುಷ್ಯರಿಗೂ ಸಿಗದ ಸುಖ ಅದು.

ಪ್ರಭುಲಿಂಗನಿಗೆ ಸಿರುಗುಪ್ಪದಲ್ಲಿ ಎರಡು ಅಕ್ಕಿ ಗಿರಣಿ. ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಶೋಕಿ ತಾನಾಗಿ ಬರುತ್ತದೆ; ಕೆಲವರು ಕುದುರೆ ಸಾಕುತ್ತಾರೆ, ಕೆಲವರು ಪುಢಾರಿಗಳನ್ನು ಸಾಕುತ್ತಾರೆ. ಇವನು ದುಬೈಯ ಹೋಟೆಲೊಂದರಲ್ಲಿ ಹವಳದ ತೊಟ್ಟಿ ನೋಡಿ ಬಂದು, ನಮ್ಮ ಮನೆಗೂ ಒಂದು ಬೇಕು ಎಂದ. ಬಂಗಾರದ ಮೀನು ಮಾರುವ ಅಂಗಡಿಗಳು ಊರಲ್ಲಿ ಬೇಕಾದಷ್ಟಿದ್ದವು. ಉಪ್ಪುನೀರಿನ ಕೆಲಸ ಬಲ್ಲವನು ಕುರುಗೋಡಿನ ಅಂಜಿನಿ ಒಬ್ಬನೇ. ಆರು ವರ್ಷ ಚೆನ್ನೈಯ ಅಂಗಡಿಯೊಂದರಲ್ಲಿ ದುಡಿದು, ಯಜಮಾನನ ಬೈಗುಳದ ಜೊತೆಗೆ ವಿದ್ಯೆಯನ್ನೂ ಕಲಿತು ಬಂದಿದ್ದ. ಇಲ್ಲಿ ಆ ವಿದ್ಯೆಗೆ ಗಿರಾಕಿ ಇರಲಿಲ್ಲ. ಮೂವತ್ತಾರು ತುಂಬಿದರೂ ಮನೆ ಮನೆಗೆ ಹೋಗಿ ಮೀನಿನ ತೊಟ್ಟಿಗಳ ಪಾಚಿ ಕೆರೆಯುತ್ತಿದ್ದ. ಜನ ಅವನನ್ನು ‘ಪಾಚಿ ಅಂಜಿನಿ’ ಎನ್ನುತ್ತಿದ್ದರು.

ಬೋರಿನ ಗಡಸು ನೀರನ್ನು ಮೂರು ಸಲ ಸೋಸಿ, ಉಪ್ಪು ತೂಗಿ ಬೆರೆಸಿ, ಕಲ್ಲು ಮರಳು ಹಾಸಿ, ಮೂರು ತಿಂಗಳು ತೊಟ್ಟಿಯನ್ನು ಬರಿದೇ ಬಿಟ್ಟ. ಪ್ರಭುಲಿಂಗನಿಗೆ ತಾಳ್ಮೆ ಹುಟ್ಟಿನಿಂದಲೇ ಇಲ್ಲ.

“ಬರೀ ನೀರು ನೋಡಾಕ ನಮಗ ಕಾಲುವಿ ಇಲ್ಲೇನಲೇ?”

“ನೀರು ಹಣ್ಣಾಗಬೇಕ್ರಿ ಸಾವ್ಕಾರ್ರ. ಕಾಯಿ ನೀರಿನಾಗ ಹವಳ ಬದುಕಂಗಿಲ್ಲ.”

ನೀರು ಹಣ್ಣಾಯಿತು. ಬಸವನ ಹುಳು ಬಂದವು, ಸೀಗಡಿ ಬಂದವು, ಕಿತ್ತಳೆ ಬಣ್ಣದ ಎರಡು ಮೀನು ಬಂದವು, ಕೊನೆಗೆ ಬೆರಳುದ್ದದ ಹವಳದ ತುಂಡುಗಳು ಬಂದವು. ಅಂಜಿನಿ ದಿನಾ ಕುರುಗೋಡಿನಿಂದ ಮೊದಲ ಬಸ್ಸು ಹಿಡಿದು ಬಂದು, ಆವಿಯಾದಷ್ಟು ಸಿಹಿನೀರು ಸುರಿದು, ಗಾಜು ಉಜ್ಜಿ, ಒಂದೊಂದು ಹವಳದ ಮುಂದೆಯೂ ಬಗ್ಗಿ ನೋಡುತ್ತಿದ್ದ. ಒಂದು ಹೂಕೋಸಿನಂತೆ ಹಬ್ಬಿತು. ಒಂದು ನೇರಳೆ ಬಣ್ಣಕ್ಕೆ ತಿರುಗಿತು. ಹೆಂಡತಿ ದುರ್ಗಾದೇವಿ, ‘ಹೆತ್ತ ಮಗಳ ಮುಖಾನೂ ಇಷ್ಟು ನೋಡಿಲ್ಲ ನೀ’ ಎಂದು ಚುಚ್ಚುತ್ತಿದ್ದಳು. ಅದು ನಿಜವೇ ಆಗಿತ್ತು.

ಹನ್ನೊಂದನೆಯ ತಿಂಗಳಲ್ಲಿ ಅದೃಷ್ಟ ಬಾಗಿಲು ತಟ್ಟಿತು. ಪ್ರಭುಲಿಂಗನ ಸ್ನೇಹಿತ ಡಾಕ್ಟರ್ ಉಮಾಪತಿ ಹೊಸ ಆಸ್ಪತ್ರೆ ಕಟ್ಟಿಸುತ್ತಿದ್ದ. ರೋಗಿಗಳು ಕಾಯುವ ಜಾಗದಲ್ಲಿ ಇಂಥದೇ ತೊಟ್ಟಿ, ಇದರ ಎರಡರಷ್ಟು ದೊಡ್ಡದು ಇಡುವ ಮನಸ್ಸಿತ್ತು ಅವನಿಗೆ. ಮುಂದಿನ ಭಾನುವಾರ ಬಂದು ನೋಡುತ್ತಾನೆ. ಮೆಚ್ಚಿದರೆ ಕೆಲಸ ಅಂಜಿನಿಗೆ. ಆಸ್ಪತ್ರೆಯ ತೊಟ್ಟಿಯನ್ನು ದಿನಕ್ಕೆ ಸಾವಿರ ಜನ ನೋಡುತ್ತಾರೆ, ಮಾಡಿದವನು ಯಾರು ಎಂದು ಕೇಳುತ್ತಾರೆ. ಪಾಚಿ ಅಂಜಿನಿ ಎಂಬ ಹೆಸರು ಕಳಚಿಕೊಳ್ಳಲು ಅವನಿಗೆ ಅದೊಂದೇ ದಾರಿ ಇತ್ತು, ಮತ್ತೊಂದು ಈ ಜನ್ಮದಲ್ಲಿ ಬರುವಂತಿರಲಿಲ್ಲ.

ಆ ಮನೆಯಲ್ಲಿ ಅವನನ್ನು ಪ್ರೀತಿಯಿಂದ ಮಾತಾಡಿಸುತ್ತಿದ್ದವಳು ಪ್ರಭುಲಿಂಗನ ತಾಯಿ ಗಾದೆಮ್ಮ. ಸಿರುಗುಪ್ಪದ ದೊಡ್ಡ ಮನೆ ಬಿಟ್ಟು ಮಗನ ಜೊತೆ ಬಂದಿದ್ದ ಮುದುಕಿಗೆ ಹಾಲ್‌ನ ಎ.ಸಿ. ತಂಪು ಒಗ್ಗುತ್ತಿರಲಿಲ್ಲ. ಕಂಬಳಿ ಹೊದ್ದು ತೊಟ್ಟಿಯ ಎದುರು ಕೂತು, ‘ತಮ್ಮಾ, ಬಾ, ಉಂಡು ಹೋಗು’ ಎಂದು ಕರೆದು ರೊಟ್ಟಿ ಪಲ್ಯ ಕೊಡುತ್ತಿದ್ದಳು. ಕಾಗದದ ತಟ್ಟೆಯಲ್ಲಿ. ಸ್ಟೀಲಿನ ತಟ್ಟೆಗಳು ಆ ಮನೆಯಲ್ಲಿ ನಲವತ್ತಿದ್ದವು. ಅಂಜಿನಿಗೆ ಇದು ಗೊತ್ತಾಗದೆ ಇರಲಿಲ್ಲ, ಆದರೆ ಹಸಿದವನು ತಟ್ಟೆ ನೋಡುವುದಿಲ್ಲ. ಉಣ್ಣುವಾಗ ಅವಳು ತನ್ನ ಕಷ್ಟ ಹೇಳುತ್ತಿದ್ದಳು: ಮಗನಿಗೆ ತನ್ನ ಪೂಜೆ ಪುನಸ್ಕಾರ ಕಂಡರೆ ಆಗುವುದಿಲ್ಲ, ಇನ್ನೊಂದು ಸಲ ಟೈಲ್ಸ್ ಮೇಲೆ ಕುಂಕುಮ ಚೆಲ್ಲಿದರೆ ಮೋಕಕ್ಕೆ, ಮಗಳ ಮನೆಗೆ ಕಳಿಸುತ್ತೇನೆ ಎಂದಿದ್ದಾನೆ. “ಅಳಿಯನ ಮನಿ ಕೂಳು ತಿನ್ನೂದಕಿಂತ ಹೊಳಿ ಬೀಳೂದು ಚಲೋ, ತಮ್ಮಾ,” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿಯಿಲ್ಲದ ಅಂಜಿನಿಯ ಕರುಳು ಚುರುಕ್ ಎನ್ನುತ್ತಿತ್ತು.

ಉಮಾಪತಿ ಬರುವ ವಾರ, ಮಂಗಳವಾರ, ಬಸವನ ಹುಳುಗಳು ಗಾಜಿನಿಂದ ಉದುರಿ ಬಿದ್ದಿದ್ದವು. ಬುಧವಾರ ಬಂದರೆ ಸೀಗಡಿ ಒಂದೂ ಇಲ್ಲ, ಹವಳಗಳು ಮುದುಡಿಕೊಂಡಿದ್ದವು. ಮೀನು ಎರಡೂ ಮಾತ್ರ ಆರಾಮವಾಗಿ ಈಜುತ್ತಿದ್ದವು. ಮೀನು ತಡೆದುಕೊಂಡು ಉಳಿದೆಲ್ಲವನ್ನೂ ಕೊಲ್ಲುವ ವಿಷ ಯಾವುದು ಎಂದು ಅಂಜಿನಿ ಚೆನ್ನೈಯಲ್ಲಿ ಕಲಿತಿದ್ದ. ಒಂದು ಲೋಟ ತೊಟ್ಟಿಯ ನೀರಿಗೆ ಪರೀಕ್ಷೆಯ ಬಾಟಲಿಯಿಂದ ಹನಿ ಹಾಕಿದ. ನೀರು ನೀಲಿಯಾಯಿತು. ತಾಮ್ರ.

ಮೊಣಕೈವರೆಗೆ ಕೈ ಇಳಿಸಿ, ತನ್ನ ಪಾಚಿ ಉಜ್ಜುವ ಕುಂಚ ಎಂದೂ ಸರಿಯಾಗಿ ಹೋಗದ ದೊಡ್ಡ ಕಲ್ಲಿನ ಹಿಂದೆ ತಡಕಿದ. ಅರಿಶಿಣ ಬಟ್ಟೆಯ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕೊಳೆತ ಅಕ್ಕಿ, ಅಡಿಕೆ, ಹಸಿರು ಬಳೆ, ಐದು ಹಳೆಯ ತಾಮ್ರದ ದುಡ್ಡು, ಒಂದು ಪುಟ್ಟ ತಾಮ್ರದ ತಂಬಿಗೆ. ತಂಬಿಗೆಯ ಮೈಯೆಲ್ಲ ಹಸಿರು ಕಿಲುಬು.

ಹಿಂದೆ ಗಾದೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

“ಅಮ್ಮಾ, ಇದು ನೀವಾ?”

“ಹದಿನೈದು ದಿನ ಆತಪ್ಪಾ. ಸಿರುಗುಪ್ಪಿಯಾಗ ಕಾಲುವಿಗೆ ನೀರು ಬಿಟ್ಟರ ಗಂಗಮ್ಮಗ ಉಡಿ ತುಂಬತೀವಲ್ಲ? ಇಲ್ಲಿ ಮನಿ ಒಳಗ ಬಂದು ಕುಂತಾಳ ತಾಯಿ, ವರ್ಷ ಆಗಾಕ ಬಂತು, ಒಬ್ಬರೂ ಒಂದು ಬಳಿ ಏರಿಸಿಲ್ಲ. ಅಕಿ ಸಿಟ್ಟಾಗಂಗಿಲ್ಲೇನು? ಅದಕ್ಕ ನಾನs ತುಂಬಿದೆ.”

“ತಾಮ್ರ ಹಾಕಬಾರದಿತ್ತಮ್ಮ. ಹವಳಕ್ಕ ಅದು ವಿಷ.”

“ವಿಷಾನ?” ಮುದುಕಿಗೆ ನಂಬಲಾಗಲಿಲ್ಲ. “ತಾಮ್ರದ ತಂಬಿಗ್ಯಾಗಿಟ್ಟ ನೀರು ಕುಡದs ನಾ ಎಪ್ಪತ್ತು ವರ್ಷ ಬದುಕೀನಿ. ತಾಮ್ರಕ್ಕಿಂತ ಮಡಿ ಯಾವುದೈತಿ ತಮ್ಮಾ?” ಮರುಗಳಿಗೆಗೆ ಅವನ ಒದ್ದೆ ಕೈ ಹಿಡಿದುಕೊಂಡಳು. “ನನ್ ಮಗಗ ಹೇಳಬ್ಯಾಡಪ್ಪಾ. ನಾಳೆನs ಮೋಕಕ್ಕ ಅಟ್ಟತಾನ. ನಿನ್ನ ಕಾಲು ಬೀಳ್ತೀನಿ.”

ಆ ಮನೆಯವರು ಯಾರೂ ಅದುವರೆಗೆ ಅವನನ್ನು ಮುಟ್ಟಿರಲಿಲ್ಲ. ಅಂಜಿನಿ ಕರಗಿಹೋದ. ಗಂಟನ್ನು ತನ್ನ ಚೀಲಕ್ಕೆ ಹಾಕಿಕೊಂಡು, “ಹೇಳಂಗಿಲ್ಲಮ್ಮ, ಆಣಿ,” ಎಂದ. ಒಳ್ಳೆಯತನ ಕೆಲವರಿಗೆ ಒಂದು ರೋಗ. ಬಂದರೆ ಬಡವರಿಗೇ ಬರುತ್ತದೆ.

ಮೂರು ದಿನ ಅವನು ಹೆಣಗಿದ. ದಿನಾ ಅರ್ಧರ್ಧ ನೀರು ಬದಲಿಸಿದ, ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟ, ಸಿರುಗುಪ್ಪದ ಒಕ್ಕಲಿಗ ತನ್ನ ಎತ್ತು ಸಾಯುವಾಗ ಮಾಡುವಂತೆ ಕೈಗೆ ಸಿಕ್ಕಿದ್ದೆಲ್ಲ ಮಾಡಿದ. ತಾಮ್ರ ಕಲ್ಲಿನೊಳಗೆ ಇಳಿದಿತ್ತು. ನೀರು ಬದಲಿಸಿದಷ್ಟೂ ಕಲ್ಲಿನಿಂದ ಮತ್ತೆ ಬಿಡುತ್ತಿತ್ತು. ನೇರಳೆ ಹವಳದ ಮಾಂಸ ಚೂರು ಚೂರಾಗಿ ಕಳಚಿ ಬಿಳಿ ಎಲುಬು ಕಂಡಾಗ ಅಂಜಿನಿ ತೊಟ್ಟಿಗೆ ಹಣೆ ಇಟ್ಟು ಅತ್ತ.

ಶನಿವಾರ ಪ್ರಭುಲಿಂಗನ ಮುಂದೆ ಹೋಗಿ ನಿಂತ. “ಹವಳಕ್ಕ ರೋಗ ಬಿದ್ದೈತ್ರಿ ಸಾವ್ಕಾರ್ರ. ಡಾಕ್ಟ್ರನ್ನ ಎರಡು ತಿಂಗಳು ಬಿಟ್ಟು ಕರೀರಿ. ಮತ್ತ ಮೊದಲಿನಂಗ ಮಾಡಿಕೊಡ್ತೀನಿ.”

ಪ್ರಭುಲಿಂಗ ಅವನನ್ನು ಮೇಲಿಂದ ಕೆಳಗೆ ನೋಡಿ ಸಣ್ಣಗೆ ನಕ್ಕ. “ಡಾಕ್ಟ್ರು ನಾಳೆನs ಬರ್ತಾರ. ನೀನೂ ಬಾ. ಚಲೋ ಅಂಗಿ ಹಾಕ್ಕೊಂಡು ಬಾ.”

ಭಾನುವಾರ ಹತ್ತು ಗಂಟೆಗೆ ಉಮಾಪತಿ ತನ್ನ ಹೆಂಡತಿ, ಇಬ್ಬರು ಸ್ನೇಹಿತರ ಜೊತೆ ಬಂದ. ಹಾಲ್‌ನೊಳಗೆ ಕಾಲಿಟ್ಟವನೇ ಮೂಗಿಗೆ ಕರವಸ್ತ್ರ ಹಿಡಿದ. ಕೊಳೆತ ಬಸವನ ಹುಳುವಿನ ವಾಸನೆ ಎ.ಸಿ.ಯ ಗಾಳಿಯಲ್ಲಿ ಮನೆಯೆಲ್ಲ ಸುತ್ತುತ್ತಿತ್ತು. ತೊಟ್ಟಿಯೊಳಗೆ ಬಿಳಿ ಎಲುಬುಗಳ ನಡುವೆ ಕಿತ್ತಳೆ ಮೀನು ಎರಡೂ ಆಡಿಕೊಂಡಿದ್ದವು.

“ಏನ್ ಪ್ರಭು, ಸ್ಮಶಾನ ತೋರ್ಸೋಕೆ ಕರೆಸಿದ್ರಾ?” ಎಂದ ಡಾಕ್ಟರ್. ಎಲ್ಲರೂ ನಕ್ಕರು. ಪ್ರಭುಲಿಂಗ ನಗಲಿಲ್ಲ.

“ಲೇ ಅಂಜಿನಿ, ಇಲ್ಲಿ ಬಾ. ನೀರಾಗ ಏನು ಹಾಕಿದಿ?”

“ನಾ ಏನೂ ಹಾಕಿಲ್ರೀ.”

“ತಾನs ಸತ್ತವೇನು? ಅವ್ವಾ, ನೀ ದಿನಾ ಇಲ್ಲೇ ಕೂಡ್ತಿ. ಏನರ ನೋಡಿದೇನು?”

ಅಂಜಿನಿ ಗಾದೆಮ್ಮನ ಕಡೆ ನೋಡಿದ. ಅವಳು ನಿಜ ಹೇಳಲಿ ಎಂದು ಅವನು ಬಯಸಲಿಲ್ಲ. ‘ನನಗೇನು ಗೊತ್ತಪ್ಪಾ’ ಎಂದರೆ ಸಾಕಿತ್ತು.

ಗಾದೆಮ್ಮ ಕಂಬಳಿ ಸರಿಮಾಡಿಕೊಂಡಳು. “ಬುಧವಾರ ಇವ ಸಣ್ಣ ಬಾಟ್ಲಿಯಿಂದ ಏನೋ ಹನಿ ಹನಿ ಬಿಡ್ತಿದ್ದ. ನೀರು ನೀಲಿ ಆತು. ಕಣ್ಣಾರೆ ನೋಡೀನಿ.”

ಆಣೆ ಮಾಡಿದರೂ ತಪ್ಪಾಗದಂಥ ಮಾತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಗಂಟು ಅಂಜಿನಿಯ ಚೀಲದಲ್ಲಿತ್ತು, ಚೀಲ ಬಾಗಿಲ ಹತ್ತಿರವೇ ಇತ್ತು. ತೆಗೆದು ತೋರಿಸಿದರೆ ಮುಗಿಯುತ್ತಿತ್ತು. ಅವಳು ಹೆದರಿ ಹೀಗೆ ಹೇಳಿದ್ದಾಳೆ, ಮೋಕದ ಹೆದರಿಕೆ ಎಂಥವರ ಬಾಯಲ್ಲೂ ಏನನ್ನಾದರೂ ಹೇಳಿಸುತ್ತದೆ ಎಂದುಕೊಂಡ. ಕೈ ಹಿಡಿದು ಬೇಡಿದ್ದು ನೆನಪಾಯಿತು. ಚೀಲದ ಕಡೆ ಹೋಗಲಿಲ್ಲ.

“ಅದು ಬರೀ ಪರೀಕ್ಷಾ ಔಷಧ ರೀ. ಲೋಟದಾಗ ಹಾಕಿದ್ದೆ, ತೊಟ್ಟ್ಯಾಗಲ್ಲ. ನೀರಾಗ ನಾ ವಿಷ ಹಾಕಿಲ್ರೀ.”

“ಹಾಕಿಲ್ಲಂದ್ರ ಕುಡಿ.” ಪ್ರಭುಲಿಂಗ ಲೋಟವೊಂದನ್ನು ತೊಟ್ಟಿಯಲ್ಲಿ ಅದ್ದಿ ತುಂಬಿ ಅವನ ಮುಂದೆ ಹಿಡಿದ. ಬಂದವರ ಕಡೆ ತಿರುಗಿ, “ಉಪ್ಪು ತಿಂದಾವ ನೀರು ಕುಡೀಬೇಕಲ್ರೀ ಡಾಕ್ಟ್ರ?” ಎಂದ. ಮತ್ತೆ ನಗು.

ಅಂಜಿನಿ ಕುಡಿದ. ಉಪ್ಪು, ಕೊಳೆತ ಮಾಂಸ, ತಾಮ್ರದ ಒಗರು. ಗಂಟಲು ಉಗುಳೆಂದಿತು, ಅವನು ನುಂಗಿದ. ಉಮಾಪತಿಯ ಸ್ನೇಹಿತನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಎರಡನೆಯ ಲೋಟ ಬಂತು. ಅದು ಖಾಲಿಯಾದ ಮೇಲೆ ಡಾಕ್ಟರ್, “ಸಾಕು ಬಿಡ್ರಿ ಪ್ರಭು, ಪಾಪ,” ಎಂದ. ಖಾಲಿಯಾಗುವವರೆಗೆ ಅವನೂ ನೋಡಿದ್ದ. ಅಂಜಿನಿ ಅಂಗಳಕ್ಕೆ ಓಡಿ ಗೇಟಿನ ಹತ್ತಿರ ವಾಂತಿ ಮಾಡಿಕೊಂಡ. ಹೊಸ ಅಂಗಿ ಎದೆಯುದ್ದಕ್ಕೂ ಕೊಳೆಯಾಯಿತು. ಅಲ್ಲಿಗೇ ಕೇಳುವಂತೆ ಉಮಾಪತಿ ಯಾರಿಗೋ ಫೋನಿನಲ್ಲಿ, ಆಸ್ಪತ್ರೆಯ ತೊಟ್ಟಿಗೆ ಹೈದರಾಬಾದಿನವರನ್ನೇ ಕರೆಸಿ ಎನ್ನುತ್ತಿದ್ದ.

ಕಾರು ಹೋದ ಮೇಲೆ ಪ್ರಭುಲಿಂಗ ಹಲ್ಲುಕಡ್ಡಿ ಆಡಿಸುತ್ತ ಅಂಗಳಕ್ಕೆ ಬಂದ. ಈಗ ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ನಳದಾಗ ಬಾಯಿ ತೊಳ್ಕೊ. ನಾಳೆ ಬಾ, ತೊಟ್ಟಿ ಖಾಲಿ ಮಾಡಬೇಕು. ಆ ಉಡಿ ಗಂಟು ಎಲ್ಲಿ ಒಗದಿ?”

ಅಂಜಿನಿ ತಲೆ ಎತ್ತಿದ. “ಯಾವ ಗಂಟ್ರೀ?”

“ನನ್ ಮುಂದ ನಾಟಕ ಆಡಬ್ಯಾಡಲೇ. ಅವ್ವ ಬುಧವಾರ ಸಂಜೀಕs ಎಲ್ಲಾ ಹೇಳ್ಯಾಳ.”

“ಗೊತ್ತಿತ್ತೇನ್ರೀ ನಿಮಗ? ಮತ್ತ ಯಾಕ್ರೀ ಸಾವ್ಕಾರ್ರ...”

“ಮತ್ತೇನು, ನಮ್ಮವ್ವ ಗಾಜಿನ ತೊಟ್ಟಿಗೆ ಉಡಿ ತುಂಬಿದ್ಲು ಅಂತ ಡಾಕ್ಟ್ರ ಮುಂದ ಹೇಳ್ಲೇನು? ಊರೆಲ್ಲ ನಗತಿತ್ತು. ಯಾರದರ ತಪ್ಪು ಅಂತ ಒಂದು ಬೇಕಲ್ಲ. ಅದಕ್ಕ ನಾನs ಅವ್ವಗ ಹೇಳಿಕೊಟ್ಟೆ, ಬಾಟ್ಲಿ ಮಾತು ಹೇಳು ಅಂತ.”

ಆದರೂ ಅಂಜಿನಿ ಕೇಳಿದ, ಅಷ್ಟು ದಡ್ಡ ಅವನು: “ಅಮ್ಮನ್ನ ಮೋಕಕ್ಕ ಕಳಸ್ತೀರೇನ್ರಿ?”

ಪ್ರಭುಲಿಂಗ ಮನಸಾರೆ ನಕ್ಕ. “ಹೆತ್ತವ್ವನ್ನ ಯಾವನರ ಮನಿ ಬಿಟ್ಟು ಅಟ್ಟತಾನೇನಲೇ? ಮುದುಕರಿಗೆ ಹಂಗೊಂದು ಮಾತು ಅಂತಿರಬೇಕು, ಕೈಯಾಗ ಇರ್ತಾರ.”

“ನನ್ನ ಹೆಸರು ಹೋತಲ್ರೀ ಸಾವ್ಕಾರ್ರ.”

“ನಿನ್ನ ಹೆಸರು ಯಾರಿಗೆ ಗೊತ್ತಿತ್ತಲೇ, ಹೋಗಾಕ?”

ಇದನ್ನು ಅವನು ಬೈಗುಳದಂತೆ ಹೇಳಲಿಲ್ಲ. ನಿಜವಾಗಿ ಕೇಳಿದ. ಹಲ್ಲುಕಡ್ಡಿಯನ್ನು ಗೇಟಿನಾಚೆ ಎಸೆದು ಒಳಗೆ ಹೋದ.

ಸಂಜೆಯೊಳಗೆ ವಿಡಿಯೋ ಕುರುಗೋಡು ಮುಟ್ಟಿತು. ದುರ್ಗಾದೇವಿ ಒಲೆಯ ಮುಂದೆ ಕೂತು ಅದನ್ನು ನೋಡಿದಳು, ಗಂಡನಿಗೆ ತೋರಿಸಲಿಲ್ಲ. ನಾಳೆ ಹೋಗಬೇಡ ಎಂದಳು. ಹೋಗುವುದಿಲ್ಲ ಎಂದ. ಆಮೇಲೆ ತಿಂಗಳ ಗಿರಾಕಿಗಳು ಮೂವರು ಒಬ್ಬರಾದ ಮೇಲೊಬ್ಬರು ಫೋನು ಮಾಡಿ, ನಮ್ಮ ಮನೆಗೆ ಇನ್ನು ಬರಬೇಡ, ಮೀನು ಸತ್ತರೆ ಮಕ್ಕಳು ಅಳುತ್ತವೆ ಎಂದರು. ಸೋಮವಾರ ಅಂಜಿನಿ ಮೊದಲ ಬಸ್ಸು ಹಿಡಿದ.

ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ಗೋಣಿಚೀಲಕ್ಕೆ ಹಾಕಿದ; ಅವು ಇನ್ನು ಯಾವ ಹವಳಕ್ಕೂ ಆಗುತ್ತಿರಲಿಲ್ಲ. ಕಿತ್ತಳೆ ಮೀನು ಎರಡನ್ನೂ ಒಂದು ಬಕೆಟ್ ನೀರಿಗೆ ಬಿಟ್ಟು, ಹನ್ನೊಂದು ತಿಂಗಳ ಸಮುದ್ರವನ್ನು ಪೈಪು ಹಚ್ಚಿ ಬಚ್ಚಲಿಗೆ ಬಿಟ್ಟ. ಪೂರ್ತಿ ಹೋಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಗಾದೆಮ್ಮ ಚಹಾ ತಂದು, ಅವನ ಪಕ್ಕದಲ್ಲಿ ನೆಲಕ್ಕಿಟ್ಟು, ತನ್ನ ಜಾಗದಲ್ಲಿ ಕೂತಳು. ಎ.ಸಿ. ಆಫ್ ಆಗಿದ್ದರಿಂದ ಅವಳಿಗೆ ಹಿತವಾಗಿತ್ತು.

“ನೀ ಸುಮ್ನಿದ್ದಿ ನೋಡು ತಮ್ಮಾ, ಭಾಳ ಚಲೋ ಆತು,” ಎಂದಳು ಅಕ್ಕರೆಯಿಂದ. “ಬಾಯಿ ಬಿಟ್ಟಿದ್ದರ ನನ್ ಮಗ ನಿನ್ನ ಮತ್ತ ಈ ಮನಿ ಒಳಗ ಕರಕೋತಿರಲಿಲ್ಲ.”

ಅಂಜಿನಿ ಬರಿದಾದ ತೊಟ್ಟಿಯೊಳಗೆ ಅರ್ಧ ಮೈ ಇಳಿಸಿ ಗಾಜು ಉಜ್ಜುತ್ತಿದ್ದ. “ಹೌದ್ರಿ ಅಮ್ಮಾ,” ಎಂದ, “ನಿಮ್ಮ ಪುಣ್ಯ.” ಅಂದ ಮೇಲೆ ಅವನಿಗೆ ತಿಳಿಯಿತು, ಆ ಮಾತು ಮನಸ್ಸಿನಿಂದಲೇ ಬಂದಿತ್ತು.