ವೀಳ್ಯವಿಲ್ಲದೆ ಹಾಡಿದ ದನಿ

ಬಿಳಿಕೆರೆ ಬಸ್ ಸ್ಟಾಪಿನಲ್ಲಿ ಚಿಕ್ಕಸಿದ್ದಮ್ಮ ಹುಣಸೂರು ಬಸ್ಸಿಗೆ ಕಾಯುತ್ತ ನಿಂತಿದ್ದಳು. ಚಿಕೂನ್‌ಗುನ್ಯಾ ಬಂದು ಹೋಗಿತ್ತು, ಮಂಡಿನೋವು ಮಾತ್ರ ಬಿಟ್ಟುಹೋಗಿರಲಿಲ್ಲ. ಗಂಟಲೂ ಕಟ್ಟಿತ್ತು. ಡಾಕ್ಟರಿಗೆ ತೋರಿಸಿಕೊಂಡು ಬರೋಣವೆಂದು ಹೊರಟಿದ್ದಳು.

ಅಷ್ಟರಲ್ಲಿ ಪಿರಿಯಾಪಟ್ಟಣದ ಕಡೆಯಿಂದ ಬಂದ ಬಸ್ಸಿನಿಂದ ಹಾರನಹಳ್ಳಿಯ ಸುಂದ್ರಮ್ಮ ಇಳಿದಳು. ಎಲ್ಲಿ ಸಿಕ್ಕರೂ ನಿಂತು ಮನೆ ಮಂದಿಯನ್ನೆಲ್ಲ ವಿಚಾರಿಸುವ ಹೆಂಗಸು, ಇವತ್ತು ಕಂಡೂ ಕಾಣದವಳ ಹಾಗೆ ಸೆರಗು ಎಳೆದುಕೊಂಡು ಮುಂದೆ ಹೋದಳು.

"ಯಾಕ್ ಸುಂದ್ರಕ್ಕ, ಮಾತಾಡ್ದೇನೆ ಓಯ್ತಾ ಇದೀರಿ? ನಾನೇನ್ ತಪ್ ಮಾಡಿವ್ನಿ?"

ಸುಂದ್ರಮ್ಮ ತಿರುಗಿ ನಿಂತಳು. "ಅದ ನನ್ನ ಕೇಳ್ತೀಯಾ ಸಿದ್ದಮ್ಮ? ನಮ್ಮ ಪಕ್ಕದ್ಮನೆ ನಂಜುಂಡೇಶಪ್ಪನ ಮಗಳ ಮದುವೆಗೆ ಅದೆಂಥ ಸೋಬಾನೆ ಹಾಡಿ ಕಳಿಸ್ದೆ? ತಾಯಿ ಇಲ್ಲದ ಮಗಿಗೆ, 'ಹೆತ್ತವ್ವ ಒಳಗೆ ನಿಂತವ್ಳೆ, ತಿರುಗಿ ನೋಡು' ಅಂತ ಹಾಡೋದಾ? ಹೇಮಶ್ರೀ ಹೊಸ್ಲು ದಾಟೋಕಾಗ್ದೆ ಅಲ್ಲೇ ಕುಸ್ದು ಕುಂತ್ಕತು ಕಣವ್ವ. ನಿನ್ನ ಬಲು ತಿಳ್ದೋಳು ಅಂದ್ಕಂಡಿದ್ವಿ."

"ಅಯ್ಯೋ, ನಾನು ಹಾಡೇ ಇಲ್ಲ! ಆವತ್ತು ಹಾಸಿಗೆ ಬುಟ್ಟು ಎದ್ದಿಲ್ಲ ನಾನು!"

"ಮತ್ತೆ ಬಾಕ್ಸಲ್ಲಿ ಬಂದಿದ್ದು ಯಾರ್ ದನಿ? ಮೈಕಲ್ಲಿ ನಿನ್ನ ಹೆಸ್ರು ಯೋಳೇ ಹಾಕಿದ್ರು. ನನ್ ಕಿವಿಗೇನೂ ಆಗಿಲ್ಲ ಸಿದ್ದಮ್ಮ." ಹೇಳಿದವಳು ನಿಲ್ಲದೆ ನಡೆದೇಬಿಟ್ಟಳು.

ಚಿಕ್ಕಸಿದ್ದಮ್ಮನಿಗೆ ಮಂಡಿನೋವು ಮರೆತೇಹೋಯಿತು.

ಅವಳ ಸೋಬಾನೆಗೆ ಒಂದು ಕ್ರಮ ಇತ್ತು. ಮದುವೆ ಮನೆಯವರು ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟು ಕರೆಯಬೇಕು. ವೀಳ್ಯ ಹಿಡಿದ ಮೇಲೆ ಅವಳು ಮೊದಲು ಹಾಡುವುದಿಲ್ಲ, ಕೇಳುತ್ತಾಳೆ. "ಮನೇಲಿ ಯಾರ್ ಯಾರವ್ರೆ? ಯಾರಿಲ್ಲ?" ತಾಯಿ ಇಲ್ಲದ ಮನೆಯಲ್ಲಿ ತಾಯಿಯ ಸೊಲ್ಲು ಬಿಟ್ಟು ಸೋದರತ್ತೆಯನ್ನೋ ಅಕ್ಕನನ್ನೋ ತಂದು ನಿಲ್ಲಿಸುತ್ತಾಳೆ. ಅಣ್ಣ ಮುನಿಸಿಕೊಂಡು ದೂರ ಇದ್ದರೆ ಅಣ್ಣನ ಹೆಸರು ಎತ್ತುವುದಿಲ್ಲ. ಹಾಡು ಬಲ್ಲವರು ಬೇಕಾದಷ್ಟು ಜನ ಇದ್ದರೂ ಜನ ಇವಳನ್ನೇ ಹುಡುಕಿಕೊಂಡು ಬರುತ್ತಿದ್ದುದು ಈ ಕೇಳುವ ಗುಣಕ್ಕೆ.

ನಂಜುಂಡೇಶನೂ ವೀಳ್ಯ ಕಳಿಸಿದ್ದ. ಜ್ವರದಲ್ಲಿ ನಡುಗುತ್ತಿದ್ದ ಚಿಕ್ಕಸಿದ್ದಮ್ಮ ವೀಳ್ಯವನ್ನು ಕಣ್ಣಿಗೊತ್ತಿಕೊಂಡು, ಬರಲಾರೆನೆಂದು ಹಿಂದಕ್ಕೆ ಕೊಟ್ಟಿದ್ದಳು. ಹೇಮಶ್ರೀಯ ತಾಯಿ ಪುಷ್ಪಾ ಇದ್ದಾಗ ಇವಳ ಪಕ್ಕದಲ್ಲೇ ಕುಳಿತು ಸೊಲ್ಲಿಗೆ ಸೊಲ್ಲು ಸೇರಿಸುತ್ತಿದ್ದವಳು. ಅಂಥವಳ ಮಗಳನ್ನು ತನ್ನ ದನಿಯೇ ಅಳಿಸಿತಲ್ಲ! ಈ ಮಾತು ಊರೂರು ಸುತ್ತಿದರೆ ಇನ್ನು ಯಾವ ಮನೆಯವರು ವೀಳ್ಯ ಹಿಡಿದು ಬಂದಾರು?

ಆ ಮದುವೆಗೆ ಮೈಕ್ ಹಾಕಿದ್ದು ಅವಳ ತಂಗಿಯ ಮಗ ಸುನೀಲ್‌ಕುಮಾರ್. ಹುಣಸೂರಿನಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟಿದ್ದಾನೆ. ಬಸ್ಸಿಳಿದವಳು ಡಾಕ್ಟರ ಕಡೆಗೆ ಹೋಗಲಿಲ್ಲ, ನೇರ ಅವನ ಅಂಗಡಿಗೆ ನಡೆದಳು.

"ಬಾ ದೊಡ್ಡವ್ವ! ನೀನು ಹೋಗ್ದೆ ಇದ್ರೂ ನಿನ್ ಸೋಬಾನೆ ಹೋಗಿ ಬಂತು ಕಣವ್ವ ಹಾರನಳ್ಳಿಗೆ," ಅಂದ ಸುನೀಲ್, ಹಲ್ಲು ಬಿಟ್ಟುಕೊಂಡು.

"ಏನ್ಲಾ ಮಾಡ್ದೆ ನೀನು?"

ಅವನು ಫೋನಿನಲ್ಲಿ ಹಾಡು ಹಾಕಿದ. ಚಿಕ್ಕಸಿದ್ದಮ್ಮ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು. ಅವಳದೇ ದನಿ. ಸೋಬಾನೆ ಅನ್ನುವ ಮೊದಲು ಅವಳು ಎಳೆದುಕೊಳ್ಳುವ ಉಸಿರೂ ಇತ್ತು. ಕೊನೆಯಲ್ಲಿ ಒಂದಿಷ್ಟು ಒಡೆಯುವ ಗಂಟಲೂ ಇತ್ತು. ಅವಳು ಮಾತ್ರ ಅಲ್ಲಿರಲಿಲ್ಲ.

"ಎಷ್ಟು ಮದುವೇಲಿ ನಿನ್ ಮುಂದೆ ಮೈಕ್ ಇಟ್ಟಿವ್ನಿ, ಎಲ್ಲ ರೆಕಾರ್ಡಿಂಗೂ ನನ್ ಹತ್ರ ಅವೆ," ಅಂದ ಸುನೀಲ್. "ಅವನ್ನೆಲ್ಲ ಒಂದು ಆ್ಯಪ್‌ಗೆ ಹಾಕ್ದೆ. ಅದು ನಿನ್ ದನಿ, ನಿನ್ ಧಾಟಿ ಎಲ್ಲ ಕಲ್ತ್ಕತು. ಹೆಣ್ಣು ಗಂಡಿನ ಹೆಸ್ರು ಟೈಪ್ ಮಾಡ್ದೆ, ಹಾಡೇ ಬುಡ್ತು. ನಂಜುಂಡೇಶಪ್ಪ 'ಸೋಬಾನೆ ಇಲ್ದೆ ಹೆಣ್ಣು ಕಳಿಸೋದೆಂಗಪ್ಪ' ಅಂತ ಪೇಚಾಡ್ತಿದ್ರು. ಉಪಕಾರ ಆಗ್ಲಿ ಅಂತ ಮಾಡ್ದೆ."

"ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

"ಜ್ವರದಲ್ಲಿ ಮಲಗಿದ್ದೆ. ಅಲ್ದೆ ನಿನ್ ಹೆಸ್ರು ಯೋಳೇ ಹಾಕಿವ್ನಿ ದೊಡ್ಡವ್ವ. ಬೇರೆಯೋರಾಗಿದ್ರೆ ಹೆಸ್ರನ್ನೂ ನುಂಗಾಕೋರು. ಇದು ಕದ್ದಿಲ್ಲ, ಕಲ್ತದೆ ಅಷ್ಟೇ. ನೀನೂ ಮರಮ್ಮಜ್ಜಿ ಹಾಡು ಕೇಳಿ ಕೇಳಿ ಕಲ್ತೋಳೇ ಅಲ್ವಾ?"

ಅವನು ಹೇಳಿದ್ದು ಸುಳ್ಳಲ್ಲ. ಮರಮ್ಮ ಚಿಕ್ಕಸಿದ್ದಮ್ಮನ ಸೋದರತ್ತೆ. ಅವಳ ಬಾಯಿಂದಲೇ ಹಾಡೆಲ್ಲ ಬಂದದ್ದು. ಹಾಗಾದರೆ ತಾನು ಮಾಡಿದ್ದಕ್ಕೂ ಮಿಷನ್ ಮಾಡಿದ್ದಕ್ಕೂ ಏನು ವ್ಯತ್ಯಾಸ?

"ನಾಳೆ ನಮ್ ಹೆಂಗಸ್ರ ಸಂಘದ ಮೀಟಿಂಗ್ ಅದೆ, ಊರಿಗೆ ಬಾ," ಅಂದಳು. "ಪವಿತ್ರಮ್ಮನ್ನ ಕೇಳನ."

ಪವಿತ್ರಾ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವಳು. ಫೋನಿಗೆ ಬರುವ ಸುಳ್ಳು ಮೆಸೇಜು ಯಾವುದು, ನಿಜ ಯಾವುದು ಎಂದು ಊರಿನ ಹೆಂಗಸರು ಅವಳನ್ನೇ ಕೇಳುತ್ತಾರೆ. ಸಂಘದ ಮೀಟಿಂಗೂ ಅಲ್ಲೇ, ಪೇಪರ್ ಓದುವ ಬೆಂಚುಗಳ ಮೇಲೆ.

ಮಾರನೆಯ ದಿನ ಸುನೀಲ್ ಎಲ್ಲರಿಗೂ ಹಾಡು ಕೇಳಿಸಿದ. ಸಂಘದ ಸುಕನ್ಯ ಒಮ್ಮೆ ಫೋನನ್ನು, ಒಮ್ಮೆ ಚಿಕ್ಕಸಿದ್ದಮ್ಮನ ಮುಖವನ್ನು ನೋಡಿದಳು. "ಅಕ್ಕ, ನೀನೇನಾದ್ರೂ ಒಳಗೆ ಹೊಕ್ಕಂಡಿದ್ದೀಯಾ? ಮುಂದಿನ್ ಸಲ ಫೋನ್‌ಗೂ ಒಂದು ಸೀರೆ ಉಡ್ಸಿ ಕುಂಡ್ರುಸ್ಬುಡು."

ಎಲ್ಲರೂ ನಕ್ಕರು. ಚಿಕ್ಕಸಿದ್ದಮ್ಮ ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ನಾನೂ ಕೇಳೇ ಕಲ್ತೆ, ಅದೂ ಕೇಳೇ ಕಲ್ತದೆ. ತಪ್ಪು ಯಾವ್ದು ಯೋಳಿ ಪವಿತ್ರಮ್ಮ," ಅಂದಳು.

"ಮೊದ್ಲು ಅದು ಎಂಗೆ ಕಲಿತದೆ ನೋಡಣ," ಅಂದಳು ಪವಿತ್ರಾ. "ನಿಮ್ಮ ನೂರಾರು ಹಾಡು ಕೇಳಿ, ಈ ಸೊಲ್ಲು ಆದ್ಮೇಲೆ ಸಾಮಾನ್ಯವಾಗಿ ಯಾವ ಸೊಲ್ಲು ಬತ್ತದೆ ಅನ್ನೋದ ಲೆಕ್ಕ ಹಾಕತ್ತೆ. ಅಷ್ಟೇ ಸಿದ್ದಮ್ಮಕ್ಕ. ಎಲ್ಲಾ ಮನೇಲೂ ತಾಯಿ ನಿಂತಿದ್ಲು, ಹೇಮಶ್ರೀ ಮನೇಲೂ ತಂದು ನಿಲ್ಲಿಸ್ತು. ಆ ಮನೇಲಿ ಯಾರಿಲ್ಲ ಅಂತ ಅದು ಕೇಳ್ಲಿಲ್ಲ. ಅದಕ್ಕೆ ಕೇಳ್ಬೇಕು ಅಂತಾನೂ ಗೊತ್ತಿಲ್ಲ."

"ಅದ ಸರಿ ಮಾಡ್ಬೋದು ಮೇಡಂ," ಅಂದ ಸುನೀಲ್. "ತಾಯಿ ಇಲ್ಲ ಅಂತ ಟೈಪ್ ಮಾಡಿದ್ರೆ ಬೇರೆ ಥರ ಹಾಡ್ತದೆ. ತಪ್ಪು ನಂದು, ಮಿಷನ್ದಲ್ಲ. ದನಿ ಕಲಿಯೋದ್ರಲ್ಲಿ ಏನ್ ತಪ್ಪು?"

"ಒಳ್ಳೆ ಪ್ರಶ್ನೇನೇ ಕೇಳ್ದೆ ಕಣಪ್ಪ. ದೊಡ್ಡ ದೊಡ್ಡೋರೂ ಇದನ್ನೇ ಚರ್ಚೆ ಮಾಡ್ತಾವ್ರೆ, ಕಾನೂನು ಎಂಗಿರ್ಬೇಕು ಅಂತ ಇನ್ನೂ ಮಾತು ನಡೀತಾ ಅದೆ. ಎಲ್ಲಿ, ನಿನ್ ಫೋನ್ ಕೊಡು ಸ್ವಲ್ಪ."

ಲೈಬ್ರರಿಯ ಕಾರ್ಯಕ್ರಮಕ್ಕೆ ಮೈಕ್ ಬೇಕೆಂದಾಗ ಸುನೀಲ್ ಅವಳಿಗೆ ಉದ್ದುದ್ದ ವಾಯ್ಸ್ ಮೆಸೇಜು ಕಳಿಸಿದ್ದ. ಪವಿತ್ರಾ ಅವನ್ನು ಅದೇ ಆ್ಯಪ್‌ಗೆ ಹಾಕಿ ಏನೋ ಟೈಪ್ ಮಾಡಿದಳು. ಸ್ವಲ್ಪ ಹೊತ್ತಿಗೆ ಫೋನು ಸುನೀಲನ ದನಿಯಲ್ಲೇ ಕೂಗಿತು: "ನಮಸ್ಕಾರ ಕಣ್ರಪ್ಪ! ನಮ್ಮಂಗಡೀಲಿ ಮೈಕು, ಬಾಕ್ಸು, ಜನರೇಟರು ಎಲ್ಲ ಇವತ್ತಿಂದ ಪುಕ್ಕಟೆ! ಮದುವೆ ಇರೋರೆಲ್ಲ ಬನ್ನಿ!"

ಸುನೀಲ್ ಬೆಂಚಿನಿಂದ ಎಗರಿ ಎದ್ದ. "ಅಳಿಸಿ ಮೇಡಂ, ಅಳಿಸಿ! ಯಾರಾದ್ರೂ ಕೇಳಿಸ್ಕಂಡ್ರೆ ಅಂಗಡಿ ಮುಂದೆ ಬಂದು ನಿಂತ್ಕತಾರೆ!"

"ಯಾಕಪ್ಪ? ಕದ್ದಿಲ್ಲ, ಕಲ್ತದೆ ಅಷ್ಟೇ," ಅಂದಳು ಪವಿತ್ರಾ. "ನಿನ್ ಅಂಗಡಿ ಅಂತಾನೂ ಯೋಳ್ತಲ್ಲ."

ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಪವಿತ್ರಾ ಅವನ ಎದುರಿಗೇ ಅದನ್ನು ಅಳಿಸಿ ಫೋನು ಕೊಟ್ಟಳು. ಸುನೀಲ್ ಅದನ್ನು ಜೇಬಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕುಳಿತ.

ಆಗ ಚಿಕ್ಕಸಿದ್ದಮ್ಮನಿಗೆ ನಿನ್ನೆ ಸಿಗದ ಉತ್ತರ ಸಿಕ್ಕಿತು.

"ಕೇಳ್ಲಾ ಸುನೀಲ. ನಾನು ಮರಮ್ಮತ್ತೆ ಹಿಂದೆ ಕುಂತ್ಕಂಡು, ಸೊಲ್ಲು ಎತ್ಕೊಂಡು ಕಲ್ತೆ. ತಪ್ಪಿದ್ರೆ ತೊಡೆ ಗಿಂಡೋಳು. ಒಂದಿನ ಅವಳೇ 'ಇನ್ನು ನೀನು ಮುಂದೆ ಕುಂತ್ಕ' ಅಂದ್ಲು. ಅಲ್ಲಿಗಂಟ ಹಿಂದೇನೇ ಇದ್ದೆ. ಕಲ್ತ ಮ್ಯಾಕೂ ನಾನು ಮರಮ್ಮ ಅಂತ ಯಾವ ಚಪ್ಪರದಲ್ಲೂ ನಿಂತ್ಕಳ್ಳಿಲ್ಲ. ಹಾಡು ಅವಳ್ದು, ದನಿ ನಂದು. ತಪ್ಪು ಹಾಡಿದ್ರೆ ಬೈಗುಳ ನನಗೇ ಬತ್ತಿತ್ತು. ಈಗ ನೋಡು, ಟೈಪ್ ಮಾಡ್ದೋನು ನೀನು, ಹಾಡಿದ್ದು ಮಿಷನ್, ಬೈಸ್ಕಂಡೋಳು ನಾನು. ಇದೆಂಥ ನ್ಯಾಯ್ವಪ್ಪ?"

ಸುನೀಲ್ ತಲೆ ಕೆರೆದುಕೊಂಡ. "ಹೆಸ್ರು ಯೋಳಿದ್ರೆ ಸಾಕು ಅಂದ್ಕಂಡಿದ್ದೆ ದೊಡ್ಡವ್ವ."

"ಕೇಳಿ ಹೆಸ್ರು ಯೋಳು. ಕೇಳ್ದೆ ಯೋಳಿದ್ರೆ ನನ್ ತಲೆ ಮೇಲೆ ಬತ್ತದೆ."

"ಹಾಗಾದ್ರೆ ಮಿಷನ್ನೇ ಬೇಡ ಅಂತೀಯಾ ಅಕ್ಕ?" ಅಂದಳು ಸುಕನ್ಯ. "ನಿನ್ ಕಾಲ ಆದ್ಮೇಲೆ ನಮ್ ಹುಡ್ಗೀರಿಗೆ ಈ ಹಾಡು ಯಾರ್ ಯೋಳ್ಕೊಡ್ತಾರೆ?"

ಅದೂ ನಿಜವೇ. ಚಿಕ್ಕಸಿದ್ದಮ್ಮ ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿಯುತ್ತ ಕುಳಿತಳು. "ಕಲಿಯೋಕೆ ಇರ್ಲಿ," ಅಂದಳು ಕೊನೆಗೆ. "ಇಲ್ಲೇ ಲೈಬ್ರರೀಲಿ ಕುಂತು ಹಾಡ್ತೀನಿ, ಸುನೀಲನೇ ರೆಕಾರ್ಡ್ ಮಾಡ್ಲಿ. ಹುಡ್ಗೀರು ಕೇಳ್ಲಿ. ಮಿಷನ್ ಹತ್ರ ಹಾಡಿಸ್ಕಂಡು ಧಾಟಿ ತಿದ್ಕಂಡ್ರೂ ನನಗೇನಿಲ್ಲ, ಇದು ಮಿಷನ್ ಹಾಡು ಅಂತ ಯೋಳ್ಬೇಕು. ಆದ್ರೆ ನನ್ ಬದ್ಲು ಅದು ಮದುವೆ ಮನೆಗೆ ಹೋಗೋದು ಬ್ಯಾಡ."

ಪವಿತ್ರಾ ತಲೆಯಾಡಿಸಿದಳು. "ಇದು ನೀವು ಯೋಳ್ಬೇಕಾದ ಮಾತು. ಯೋಳಿದ್ರಿ. ಸುನೀಲ, ಹೆಂಗೆ?"

"ಆಯ್ತು ಬುಡಿ ಮೇಡಂ." ಅವನು ಆ ಹಾಡನ್ನು ಫೋನಿನಿಂದ ಅಳಿಸಿದ. "ಆದ್ರೆ ಹಾರನಳ್ಳಿಯೋರ ಕಿವೀಲಿ ಇರೋದ ಎಂಗೆ ಅಳ್ಸೋದು?"

"ಅದಕ್ಕೆ ನೀನೇ ಬರ್ಬೇಕು," ಅಂದಳು ದೊಡ್ಡವ್ವ.

ಹೇಮಶ್ರೀ ಗಂಡನ ಮನೆಯಿಂದ ತವರಿಗೆ ಬಂದಿರುವ ಸುದ್ದಿ ತಿಳಿದು ಇಬ್ಬರೂ ಹಾರನಹಳ್ಳಿಗೆ ಹೋದರು. ಈ ಸಲ ವೀಳ್ಯದ ತಟ್ಟೆ ಸುನೀಲನ ಕೈಯಲ್ಲಿತ್ತು. ಅಂಗಳದಲ್ಲಿ ನಂಜುಂಡೇಶ ನಿಂತಿದ್ದ. ಪಕ್ಕದ ಜಗಲಿಯಿಂದ ಸುಂದ್ರಮ್ಮ ಕತ್ತು ಚಾಚಿದಳು.

"ಅಪ್ಪಾಜಿ, ಆವತ್ತು ಹಾಡಿದ್ದು ನಮ್ ದೊಡ್ಡವ್ವ ಅಲ್ಲ," ಅಂದ ಸುನೀಲ್. "ಅವ್ರ ದನೀಲಿ ನಾನು ಮಿಷನ್ ಕೈಲಿ ಹಾಡಿಸ್ದೆ. ಅವ್ರನ್ನೂ ಕೇಳ್ಲಿಲ್ಲ, ನಿಮ್ಮನ್ನೂ ಕೇಳ್ಲಿಲ್ಲ. ತಪ್ಪಾಯ್ತು."

ನಂಜುಂಡೇಶ ವೀಳ್ಯದ ತಟ್ಟೆ ತೆಗೆದುಕೊಂಡ. "ನಾನೂ ಎರಡು ದಿನ ಅದನ್ನೇ ಯೋಚ್ನೆ ಮಾಡ್ದೆ ಕಣಯ್ಯ. ಸಿದ್ದಮ್ಮ ಇಂಗೆ ಹಾಡೋಳಲ್ಲವಲ್ಲ ಅಂತ. ಬನ್ನಿ, ಒಳಗೆ ಬನ್ನಿ."

ಹೇಮಶ್ರೀ ನೀರಿನ ಚೊಂಬು ಹಿಡಿದು ಬಂದಳು. ಚಿಕ್ಕಸಿದ್ದಮ್ಮ ಅವಳ ಕೈ ಹಿಡಿದುಕೊಂಡಳು.

"ಈಗ ಹಾಡ್ತೀರಾ ಸಿದ್ದಮ್ಮತ್ತೆ?" ಅಂದಳು ಹೇಮಶ್ರೀ. "ನಾಳೆ ವಾಪಸ್ ಹೋಗ್ಬೇಕು. ಸರಿಯಾದ ಸೋಬಾನೆ ಕೇಳಿ ಹೊಸ್ಲು ದಾಟ್ತೀನಿ."

"ಗಂಟ್ಲು ಒಡ್ದೋಗಿದೆ ಮಗ. ಆದ್ರೂ ಹಾಡ್ತೀನಿ. ಹೊಸ್ಲಲ್ಲಿ ಯಾರ್ನ ನಿಲ್ಲಿಸ್ಲವ್ವ? ಸೋದರತ್ತೇನಾ, ಚಿಕ್ಕಮ್ಮನ್ನಾ?"

ಹೇಮಶ್ರೀ ಯೋಚಿಸಿದಳು. "ಅವ್ವನ್ನೇ ನಿಲ್ಲಿಸಿ. ಆವತ್ತು ಯಾರೂ ನನ್ನ ಕೇಳ್ಲಿಲ್ಲ. ಇವತ್ತು ನಾನೇ ಯೋಳ್ತಾ ಇದೀನಿ."

ಚಿಕ್ಕಸಿದ್ದಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಳು. ಬರುವಾಗ ಬಾವಿ ಕಟ್ಟೆಯ ಹತ್ತಿರ ಪುಷ್ಪಾ ನೆಟ್ಟ ಕನಕಾಂಬರದ ಗಿಡ ಕಂಡಿದ್ದಳು. ಉಸಿರು ಎಳೆದುಕೊಂಡು ಎತ್ತಿದಳು.

"ಹೊಸಿಲ ದಾಟೋ ಮಗಳೆ ಹಿಂತಿರುಗಿ ನೋಡವ್ವ
ಹೆತ್ತವ್ವ ನೆಟ್ಟ ಕನಕಾಂಬರ ನಿಂತಾವೆ
ಮುಡಿತುಂಬ ಹೂವ ಕೊಡತಾವೆ, ಸೋಬಾನೆ."

ದನಿ ಎರಡು ಕಡೆ ಒಡೆಯಿತು. ಹೇಮಶ್ರೀ ಈ ಸಲವೂ ಅತ್ತಳು, ಅಳುತ್ತಲೇ ಬಾವಿ ಕಟ್ಟೆಯ ಕಡೆ ತಿರುಗಿ ನೋಡಿದಳು. ಯಾವಾಗಲೋ ಒಳಗೆ ಬಂದಿದ್ದ ಸುಂದ್ರಮ್ಮ ಪುಷ್ಪಾ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ಕುಳಿತು ಸೊಲ್ಲು ಎತ್ತಿಕೊಂಡಳು. ಸುನೀಲನ ಕೈ ರೂಢಿಯಂತೆ ಜೇಬಿನ ಫೋನಿಗೆ ಹೋಯಿತು. ಹೊರಗೆ ತೆಗೆಯುವ ಮೊದಲು ಅವನು ದೊಡ್ಡವ್ವನ ಮುಖ ನೋಡಿದ.

ಅವಳು ಹಾಡುತ್ತಲೇ ಬೇಡವೆಂದು ತಲೆಯಾಡಿಸಿದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಲ್ಲೂ ಒಬ್ಬ ಚಿಕ್ಕಸಿದ್ದಮ್ಮ ಇರುತ್ತಾಳೆ. ಹಾಡುವವಳೋ, ಬಾಗಿಲ ಮುಂದೆ ರಂಗೋಲಿ ಎಳೆಯುವವಳೋ, ಲಾರಿಗೆ ಬಣ್ಣ ಬಳಿಯುವವನೋ ಆಗಿರಬಹುದು. ಅವರ ಕೈಚಳಕವನ್ನು, ದನಿಯನ್ನು ಕಲಿತು ಅದೇ ಥರ ಮಾಡಿಕೊಡುವ ಮಿಷನ್ನು ಈಗ ನಿಮ್ಮ ಫೋನಿನೊಳಗೇ ಇದೆ. ಬಳಸುವ ಮೊದಲು ಅವರ ಮನೆಗೆ ಹೋಗಿ ಒಂದು ಮಾತು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಆಗಲಿ ಅಂದರೆ ಯಾರಿಂದ ಕಲಿತದ್ದು, ಮಾಡಿದ್ದು ಮನುಷ್ಯರೋ ಮಿಷನ್ನೋ ಎಂದು ನಾಲ್ಕು ಜನರ ಮುಂದೆ ಹೇಳಿ. ಫೋನಿನಲ್ಲೋ ಮೈಕಿನಲ್ಲೋ ಪರಿಚಯದ ದನಿ ಏನಾದರೂ ಬೇಸರದ ಮಾತು ಹೇಳಿದರೆ, ಆ ಮನುಷ್ಯರನ್ನೇ ಕಂಡು ವಿಚಾರಿಸುವ ತನಕ ಮುನಿಸಿಕೊಳ್ಳಬೇಡಿ. ಎಲೆ ಅಡಿಕೆ ಇಟ್ಟು ಕೇಳುವುದು ನಮಗೆ ಹೊಸದೇನಲ್ಲ. ಫೋನು ಬಂದ ಮೇಲೂ ಅದನ್ನು ಬಿಡುವುದು ಬೇಡ.